ಹೊಸಿಲು ದಾಟಿದ ಮಖಮಲ್ಲು

ನನ್ನ ಹತ್ತಿರ ಒಂದು ಜೊತೆ ಮಖಮಲ್ ಸ್ಲಿಪ್ಪರ್ ಇದೆ. ಕಡುನೀಲಿ ಬಣ್ಣ. ಮುಂಭಾಗದಲ್ಲಿ ಜರಿ ದಾರದ ಒಂದು ಸಣ್ಣ ನರಿಯ ಮುಖ. ನಾಲ್ಕು ವರ್ಷದ ಹಿಂದೆ ತಗೊಂಡಾಗ ಎರಡು ಜೊತೆ ಒಳ್ಳೆ ಚರ್ಮದ ಶೂ ಬರುವಷ್ಟು ದುಡ್ಡು ಕೊಟ್ಟಿದ್ದೆ. ಈಗ ಬೆಳಕಿಗೆ ಹಿಡಿದು ನೋಡಿದರೆ ಬೆರಳು ಮಡಚುವ ಜಾಗದಲ್ಲಿ ಬಟ್ಟೆ ಬೋಳಾಗಿದೆ. ನವಿರೆಲ್ಲ ಉದುರಿ ಕೆಳಗಿನ ನೇಯ್ಗೆ ಕಾಣುತ್ತದೆ. ಬಲಗಾಲಿನದರ ಮೇಲೆ ಮಳೆ ಹನಿ ಬಿದ್ದ ಕಲೆ. ನರಿ ಮಾತ್ರ ಇನ್ನೂ ಹೊಳೆಯುತ್ತಿದೆ.

ಬೆರಳ ಸಂದಿಗೆ ಪಟ್ಟಿ ಸಿಕ್ಕಿಸುವ ಚಪ್ಪಲಿಯ ಮಾತಲ್ಲ ಇದು. ಲೇಸ್ ಇಲ್ಲ, ಬಕಲ್ ಇಲ್ಲ, ಸುಮ್ನೆ ಕಾಲು ತೂರಿಸಿದರೆ ಆಯಿತು. ಮುಂದೆ ಪೂರ್ತಿ ಮುಚ್ಚಿದ, ಮೆತ್ತನೆಯ ಶೂ. ಕೆಲವು ವರ್ಷಕ್ಕೊಮ್ಮೆ ಇದು ಫ್ಯಾಷನ್ನಿಗೆ ಬರುತ್ತದೆ. ಪ್ರತಿ ಸಲವೂ ಅದೇ ಪ್ರಶ್ನೆ: ಇದಕ್ಕೆ ಇಷ್ಟು ದುಡ್ಡು ಕೊಡಬಹುದಾ? ಈ ಸ್ಲಿಪ್ಪರ್ ಮೊದಲು ಎಂಥ ನೆಲದ ಮೇಲೆ ನಡೆಯಲಿಕ್ಕೆ ಹುಟ್ಟಿತು ಅಂತ ತಿಳಿದುಕೊಂಡ ಮೇಲೆ ನನಗೆ ಉತ್ತರ ಸಿಕ್ಕಿತು. ಕೊಳ್ಳುವ ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು.

ಮೊದಲು ಬಟ್ಟೆಯ ವಿಷಯ. ಮಾಮೂಲಿ ಬಟ್ಟೆಯಲ್ಲಿ ಉದ್ದದ ಎಳೆಗಳಾದ ಹಾಸು, ಅಡ್ಡದ ಎಳೆಗಳಾದ ಹೊಕ್ಕು ಎರಡೇ. ಮಖಮಲ್ಲಿನಲ್ಲಿ ಇವುಗಳ ಜೊತೆಗೆ ಇನ್ನೊಂದು ಹಾಸು ಇರುತ್ತದೆ. ಕೈಮಗ್ಗದಲ್ಲಿ ಆ ಹೆಚ್ಚಿನ ಎಳೆಗಳ ಕೆಳಗೆ ತೆಳ್ಳನೆ ಕಡ್ಡಿ ಹಾಯಿಸಿ, ಎಳೆಗಳನ್ನು ಸಣ್ಣ ಸಣ್ಣ ಕುಣಿಕೆಯಾಗಿ ಎಬ್ಬಿಸುತ್ತಾರೆ. ಕಡ್ಡಿಯ ಮೇಲೆ ಉದ್ದಕ್ಕೂ ಒಂದು ಗೀರು ಇರುತ್ತದೆ. ಆ ಗೀರಿನಲ್ಲಿ ಚಾಕು ಎಳೆದಾಗ ಕುಣಿಕೆಗಳೆಲ್ಲ ಕತ್ತರಿಸಿ, ದಾರದ ತುದಿಗಳು ನೆಟ್ಟಗೆ ನಿಲ್ಲುತ್ತವೆ. ಅದೇ ನವಿರು. ನಾವು ಕೈಯಾಡಿಸಿ 'ಆಹಾ, ಎಷ್ಟು ಮೆತ್ತಗಿದೆ' ಅನ್ನುವುದು ಆ ಲಕ್ಷಾಂತರ ತುದಿಗಳನ್ನು ಮುಟ್ಟಿ. ವೆನಿಸ್‌ನಲ್ಲಿ ಬೆವಿಲಾಕ್ವಾ ಅನ್ನುವ ನೇಯ್ಗೆ ಸಂಸ್ಥೆ ಇವತ್ತಿಗೂ 18ನೇ ಶತಮಾನದ ಮರದ ಮಗ್ಗಗಳನ್ನು ಓಡಿಸುತ್ತಿದೆ. ಕುಸುರಿಯ ಮಖಮಲ್ಲಾದರೆ ಅಲ್ಲಿ ಒಬ್ಬರು ದಿನವಿಡೀ ಕೂತರೂ ನೇಯುವುದು ಸುಮಾರು 30 ಸೆಂಟಿಮೀಟರ್ ಮಾತ್ರ.

ಇಷ್ಟು ಕೈಕೆಲಸ, ಅದೂ ರೇಷ್ಮೆ ದಾರದಲ್ಲಿ. ಬೆಲೆ ಆಕಾಶ ಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. 15ನೇ ಶತಮಾನದಲ್ಲಿ ವೆನಿಸ್, ಜಿನೋವಾ, ಫ್ಲಾರೆನ್ಸ್, ಲುಕ್ಕಾ ಊರುಗಳು ಈ ಬಟ್ಟೆಗೆ ಹೆಸರಾಗಿದ್ದವು. ಇಂಗ್ಲೆಂಡಿನಲ್ಲಂತೂ ಯಾರು ಮಖಮಲ್ಲು ತೊಡಬಹುದು ಅನ್ನುವುದಕ್ಕೆ ಕಾನೂನೇ ಇತ್ತು. ಮೊದಲನೇ ಎಲಿಜಬೆತ್ ರಾಣಿ 1574ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಯಾವ ದರ್ಜೆಯವರು ಯಾವ ಉಡುಪಿಗೆ ಮಖಮಲ್ಲು ಬಳಸಬಹುದು ಅಂತ ಸಾಲುಸಾಲಾಗಿ ಬರೆದಿತ್ತು. ಅಂಥ ಕಾನೂನುಗಳು ಅಲ್ಲಿ 1604ರಲ್ಲಿ ರದ್ದಾದವು. ಆದರೆ 'ಇದು ದೊಡ್ಡವರ ಬಟ್ಟೆ' ಅನ್ನುವ ಭಾವನೆ ರದ್ದಾಗಲಿಲ್ಲ. ಇವತ್ತು ಅಂಗಡಿಯಲ್ಲಿ ಮಖಮಲ್ಲು ಮುಟ್ಟಿದಾಗ ನಮಗೆ ಆಗುವ ಸಣ್ಣ ರೋಮಾಂಚನದಲ್ಲಿ ಆ ಹಳೆಯ ನೆನಪೂ ಸೇರಿದೆ ಅಂತ ನನಗೆ ಅನ್ನಿಸುತ್ತದೆ.

ಈಗಿನ ಮಖಮಲ್ಲು ಬಹುಪಾಲು ಹತ್ತಿ ಅಥವಾ ಪಾಲಿಯೆಸ್ಟರ್. ಯಂತ್ರದಲ್ಲಿ ಎರಡು ಬಟ್ಟೆಗಳನ್ನು ಒಂದರ ಮೇಲೊಂದು ನೇಯ್ದು, ನಡುವೆ ನವಿರಿನ ಎಳೆ ಹಾಯಿಸಿ, ಮಧ್ಯದಲ್ಲಿ ಬ್ಲೇಡ್ ಓಡಿಸಿ ಸೀಳುತ್ತಾರೆ. ಒಂದೇ ಸಲಕ್ಕೆ ಎರಡು ಮಖಮಲ್ಲು ಸಿಗುತ್ತದೆ. ಮೇಲಾಗಿ ಒಂದು ಜೊತೆ ಸ್ಲಿಪ್ಪರ್‌ಗೆ ಬೇಕಾಗುವುದು ಅಂಗೈ ಅಗಲದ ನಾಲ್ಕಾರು ತುಂಡು. ದುಬಾರಿ ಸ್ಲಿಪ್ಪರ್‌ನ ದುಡ್ಡು ಬಟ್ಟೆಗೆ ಹೋಗುತ್ತಿದೆ ಅಂತ ಯಾರಾದರೂ ಅಂದುಕೊಂಡಿದ್ದರೆ ಅದನ್ನು ಮನಸ್ಸಿನಿಂದ ತೆಗೆದುಬಿಡಬೇಕು.

ಇನ್ನು ಸ್ಲಿಪ್ಪರ್ ವಿಷಯಕ್ಕೆ ಬರೋಣ. ಈ ಮಾದರಿಗೆ ಇಂಗ್ಲೆಂಡಿನಲ್ಲಿ ಅಂಟಿಕೊಂಡಿರುವ ಹೆಸರು ಆಲ್ಬರ್ಟ್ ಸ್ಲಿಪ್ಪರ್. ವಿಕ್ಟೋರಿಯಾ ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್‌ನ ಹೆಸರು ಅದು. 1840ರಲ್ಲಿ ಅವರ ಮದುವೆಯಾಯಿತು, 1861ರಲ್ಲಿ ಆತ ತೀರಿಕೊಂಡ. ಮೇಲೆ ಮಖಮಲ್ಲು, ಒಳಗೆ ಹೊಲಿಗೆ ಹಾಕಿದ ಮೆತ್ತನೆ ರೇಷ್ಮೆಯ ಅಸ್ತರು, ಕೆಳಗೆ ತೆಳ್ಳನೆಯ ಚರ್ಮದ ಅಟ್ಟೆ. ಪಾದದ ಮೇಲೆ ಎತ್ತರಕ್ಕೆ ಏರುವ ನಾಲಿಗೆ. ಅದರ ಮೇಲೆ ಮನೆತನದ ಲಾಂಛನವೋ, ಹೆಸರಿನ ಮೊದಲ ಅಕ್ಷರಗಳೋ.

ಆ ಅಟ್ಟೆಯನ್ನು ಸ್ವಲ್ಪ ಗಮನಿಸಿ. ತೆಳ್ಳಗೆ, ನುಣ್ಣಗೆ. ಕೆಸರಿಗೆ, ಕಲ್ಲಿಗೆ ಅದು ಆಗುವುದೇ ಇಲ್ಲ. ಏಕೆಂದರೆ ಅದು ರತ್ನಗಂಬಳಿಯ ಮೇಲೆ ಹತ್ತು ಹೆಜ್ಜೆ ಇಡಲಿಕ್ಕೆ ಮಾಡಿದ್ದು. 1853ರಿಂದ 1856ರವರೆಗೆ ನಡೆದ ಕ್ರಿಮಿಯನ್ ಯುದ್ಧದ ನಂತರ ಬ್ರಿಟನ್ನಿನ ಗಂಡಸರಲ್ಲಿ ಟರ್ಕಿ ತಂಬಾಕಿನ ಚಟ ಜೋರಾಯಿತು. ಊಟವಾದ ಮೇಲೆ ಅವರು ಬೇರೆ ಕೋಣೆಗೆ ಹೋಗಿ ಹೊಗೆ ಸೇದುತ್ತಿದ್ದರು. ಒಳ್ಳೆ ಕೋಟಿಗೆ ವಾಸನೆ ಹಿಡಿಯಬಾರದು ಅಂತ ಮಖಮಲ್ಲಿನ ಜಾಕೆಟ್ ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಒಪ್ಪುವಂತೆ ಕಾಲಿಗೆ ಮಖಮಲ್ ಸ್ಲಿಪ್ಪರ್. ಇದರ ಸುತ್ತ ಒಂದು ಪದ್ಧತಿಯೂ ಬೆಳೆಯಿತು: ಔತಣದಲ್ಲಿ ಮನೆಯ ಯಜಮಾನ ಮಾತ್ರ ಸ್ಲಿಪ್ಪರ್ ಹಾಕಬಹುದು, ಬಂದ ಅತಿಥಿಗಳು ಹೊಳೆಯುವ ಕರಿ ಶೂನಲ್ಲೇ ಇರಬೇಕು. 'ನಾನು ನನ್ನ ಮನೆಯಲ್ಲಿದ್ದೇನೆ' ಅನ್ನುವುದನ್ನು ಸ್ಲಿಪ್ಪರ್ ಹೇಳುತ್ತಿತ್ತು.

ಅದೇ ಕಾಲದ ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಆಗ ಹೆಂಗಸರು ಮನೆಯಲ್ಲಿ ಉಣ್ಣೆ ದಾರದಿಂದ ಸ್ಲಿಪ್ಪರ್‌ನ ಮೇಲ್ಭಾಗಕ್ಕೆ ಕಸೂತಿ ಹಾಕಿ ಗಂಡನಿಗೋ, ಅಪ್ಪನಿಗೋ, ಮದುವೆಯಾಗುವ ಹುಡುಗನಿಗೋ ಕೊಡುತ್ತಿದ್ದರು. ಚೌಕುಳಿ ಕಾಗದದ ಮೇಲೆ ಬಣ್ಣ ತುಂಬಿದ ನಮೂನೆಗಳು ಬರ್ಲಿನ್‌ನಿಂದ ಬರುತ್ತಿದ್ದವು. ಕಸೂತಿ ಮುಗಿದ ಮೇಲೆ ಶೂ ಮಾಡುವವರ ಹತ್ತಿರ ಕೊಟ್ಟು ಅಟ್ಟೆ ಹಾಕಿಸುತ್ತಿದ್ದರು. ಇವತ್ತು ಬ್ರ್ಯಾಂಡಿನ ಲೋಗೋ ಕೂರುವ ಜಾಗದಲ್ಲಿ ಆಗ ಮನೆಯವರೊಬ್ಬರ ತಿಂಗಳುಗಟ್ಟಲೆಯ ಹೊಲಿಗೆ ಇರುತ್ತಿತ್ತು.

ಮಖಮಲ್ ಸ್ಲಿಪ್ಪರ್‌ನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ರಾಜಕುಮಾರನ ಹತ್ತಿರವೇ ನಿಂತುಬಿಡುತ್ತಾರೆ. ಅದು ಅನ್ಯಾಯ. ಇದಕ್ಕೆ ಇನ್ನೊಂದು ವಂಶ ಇದೆ, ಮತ್ತು ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ದೊಡ್ಡದು.

ಇಟಲಿಯ ಈಶಾನ್ಯ ಮೂಲೆಯಲ್ಲಿ ಫ್ರಿಯುಲಿ ಅನ್ನುವ ಸೀಮೆ. ಬೆಟ್ಟಗಾಡು, ಬಡತನ. ಅಲ್ಲಿನ ರೈತಾಪಿ ಹೆಂಗಸರು ಮನೆಮಂದಿಗೆ ಬೇಕಾದ ಪಾದರಕ್ಷೆಗಳನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಅಲ್ಲಿ ಅವಕ್ಕೆ ಸ್ಕಾರ್ಪೆಟ್ ಅಂತ ಹೆಸರು. ಸವೆದ ಬಟ್ಟೆಗಳನ್ನು ಎಸೆಯದೆ ಪದರ ಪದರವಾಗಿ ಜೋಡಿಸಿ, ಗಟ್ಟಿ ಹುರಿಯಿಂದ ಒತ್ತೊತ್ತಾಗಿ ಹೊಲಿದರೆ ಅದೇ ಅಟ್ಟೆ. ದಪ್ಪ ಸೂಜಿ ಅಷ್ಟು ಪದರ ತೂರಬೇಕಾದರೆ ಕೈಗೆ ಎಷ್ಟು ಬಲ ಬೇಕು ಯೋಚಿಸಿ. ಒಳಗೆ ಗೋಣಿತಾಟು. ಮೇಲೆ ಹಳೆಯ ಉಡುಪಿನಿಂದಲೋ, ಪರದೆಯಿಂದಲೋ ಉಳಿದ ಮಖಮಲ್ಲಿನ ತುಂಡು. ಎರಡನೇ ಮಹಾಯುದ್ಧದ ಹೊತ್ತಿಗೆ, ಅದರ ನಂತರವೂ, ಅಟ್ಟೆಯ ಕೆಳಗೆ ಸವೆದ ಸೈಕಲ್ ಟೈರು ಸೇರಿಕೊಂಡಿತು. ಬಿಸಾಡುವ ಯಾವ ವಸ್ತುವೂ ಅವರ ಕಣ್ಣಿಗೆ ಕಸವಾಗಿ ಕಾಣಲಿಲ್ಲ.

ಈ ಸ್ಲಿಪ್ಪರ್‌ಗಳು ವೆನಿಸ್‌ಗೆ ಬಂದವು. ರಿಯಾಲ್ಟೊ ಸೇತುವೆಯ ಸುತ್ತಮುತ್ತ ಮಾರಾಟವಾದವು. ಫ್ರಿಯುಲಿಯಿಂದ ಬಂದವು ಅಂತ ಹೆಸರು ಫ್ರಿಯುಲಾನೆ ಆಯಿತು. ಅವನ್ನು ಮನಸಾರೆ ಒಪ್ಪಿಕೊಂಡವರು ಗೊಂಡೋಲಾ ದೋಣಿ ನಡೆಸುವವರು. ಕಾರಣ ಸರಳ: ಟೈರಿನ ರಬ್ಬರು ಒದ್ದೆ ಮರದ ಮೇಲೆ ಜಾರುವುದಿಲ್ಲ, ದೋಣಿಯ ನುಣುಪಾದ ಬಣ್ಣಕ್ಕೆ ಗೀರೂ ಬೀಳುವುದಿಲ್ಲ. ನೋಡಲಿಕ್ಕೆ ಆಲ್ಬರ್ಟ್ ಸ್ಲಿಪ್ಪರ್‌ನ ದೂರದ ನೆಂಟನ ಹಾಗೇ ಇರುವ ಈ ವಸ್ತು, ಮೊದಲ ದಿನದಿಂದಲೇ ಹೊರಗೆ ದುಡಿಯುತ್ತಿತ್ತು.

ಇಂಗ್ಲಿಷ್ ವಂಶದ್ದು ಹೊಸಿಲು ದಾಟಿದ್ದು ತಡವಾಗಿ, ಮತ್ತು ಅಟ್ಟೆ ಬದಲಿಸದೆ. ಅಮೆರಿಕದ ಪಾಮ್ ಬೀಚ್‌ನಲ್ಲಿ 1993ರಲ್ಲಿ ಶುರುವಾದ ಸ್ಟಬ್ಸ್ ಅಂಡ್ ವೂಟನ್ ಕಂಪನಿ ಲಾಂಛನದ ಜಾಗಕ್ಕೆ ನಗು ತರಿಸುವ ಚಿತ್ರಗಳನ್ನು ತಂದಿತು. ಅಲ್ಲಿಂದ ಮುಂದೆ ಯಾರ ಮನೆತನಕ್ಕೂ ಸೇರದ ತಲೆಬುರುಡೆ, ನರಿ, ಕಿರೀಟಗಳು ಕಾಲಿಗೆ ಬಂದವು. ಮನೆಯೊಳಗಿನ ಸ್ಲಿಪ್ಪರ್ ಪಾರ್ಟಿಗೆ ಹೊರಟಿತು, ಆಮೇಲೆ ಜೀನ್ಸ್ ಜೊತೆ ರಸ್ತೆಗೇ ಇಳಿಯಿತು.

ದೊಡ್ಡ ಅಲೆ ಎದ್ದಿದ್ದು 2015ರಲ್ಲಿ. ವಿನ್ಯಾಸಕ ಅಲೆಸಾಂಡ್ರೊ ಮಿಕೆಲೆ ಇಟಲಿಯ ಫ್ಯಾಷನ್ ಕಂಪನಿ ಗುಚ್ಚಿಯ ವಿನ್ಯಾಸದ ಹೊಣೆ ಹೊತ್ತು ತಂದ ಮೊದಲ ಸಂಗ್ರಹಗಳಲ್ಲೇ ಹಿಮ್ಮಡಿ ತೆರೆದ, ಒಳಗೆ ತುಪ್ಪಳ ಹಾಕಿದ ಸ್ಲಿಪ್ಪರ್ ಇತ್ತು. ಅದರ ಮೇಲಿನ ಲೋಹದ ಪಟ್ಟಿ ಆ ಕಂಪನಿಯ 1953ರ ಲೋಫರ್ ಅನ್ನುವ ಲೇಸ್ ಇಲ್ಲದ ಶೂನಿಂದ ಬಂದದ್ದು. ಮೊದಲು ಬಳಸಿದ್ದು ಕಾಂಗರೂ ತುಪ್ಪಳ. 2017ರಲ್ಲಿ ಪ್ರಾಣಿಗಳ ತುಪ್ಪಳ ಬಿಡುವುದಾಗಿ ಕಂಪನಿ ಘೋಷಿಸಿತು. ಅಷ್ಟರಲ್ಲಿ, ಸ್ಲಿಪ್ಪರ್ ಹಾಕಿಕೊಂಡು ಬೀದಿಗೆ ಹೋಗುವುದು ಅಚ್ಚರಿಯ ವಿಷಯವಾಗಿ ಉಳಿದಿರಲಿಲ್ಲ. ಎಲ್ಲ ದರದ ಅಂಗಡಿಗಳಲ್ಲೂ ಅದರ ಅಣ್ಣತಮ್ಮಂದಿರು ಬಂದರು. 2020ರಲ್ಲಿ ಜನ ಮನೆಯಲ್ಲೇ ಉಳಿದ ಮೇಲೆ ಮೆತ್ತನೆಯ ಪಾದರಕ್ಷೆಯ ಕಡೆಗೆ ಮತ್ತೆ ಗಮನ ಹರಿಯಿತು. ಫ್ರಿಯುಲಿಯ ಹೆಂಗಸರ ಮಾದರಿ ಕೂಡ ಈಗ ದುಬಾರಿ ಬ್ರ್ಯಾಂಡುಗಳ ಕಪಾಟಿನಲ್ಲಿ ಕೂತಿದೆ.

ಹಾಗಾದರೆ ಕೊಳ್ಳಬೇಕಾ, ಬೇಡವಾ?

ಮಖಮಲ್ಲು ಸವೆಯುವುದು ಹೇಗೆ ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕಿತು. ಚರ್ಮ ಹಳತಾಗುತ್ತಾ ಮಡಿಕೆ ಬೀಳುತ್ತದೆ, ಪಾಲಿಶ್ ಹಾಕಿದರೆ ಮತ್ತೆ ಚೆಂದ ಕಾಣುತ್ತದೆ. ಮಖಮಲ್ಲಿಗೆ ಆ ಭಾಗ್ಯ ಇಲ್ಲ. ನೆಟ್ಟಗೆ ನಿಂತ ನವಿರು ತಿಕ್ಕಾಟಕ್ಕೆ ಸಿಕ್ಕರೆ ಮಲಗುತ್ತದೆ, ಆಮೇಲೆ ಉದುರುತ್ತದೆ. ಮಲಗಿದ್ದನ್ನು ಎಬ್ಬಿಸಬಹುದು, ಉದುರಿದ್ದನ್ನು ನೆಡಲಿಕ್ಕಾಗುವುದಿಲ್ಲ. ಇದು ಅಗ್ಗದ್ದಕ್ಕೂ ಅಷ್ಟೇ, ದುಬಾರಿಯದಕ್ಕೂ ಅಷ್ಟೇ. ನೀವು ದುಪ್ಪಟ್ಟು ದುಡ್ಡು ಕೊಟ್ಟಿರಿ ಅಂತ ನವಿರು ದುಪ್ಪಟ್ಟು ದಿನ ನಿಲ್ಲುವುದಿಲ್ಲ.

ದುಡ್ಡಿಗೆ ನಿಜವಾಗಿ ಬೆಲೆ ಬರುವ ಜಾಗಗಳೂ ಇವೆ. ಒಂದು, ಜರಿ ಕಸೂತಿ. ಒಳ್ಳೆಯದಾದರೆ ತೆಳು ತಂತಿಯನ್ನು ಸ್ಪ್ರಿಂಗ್ ಥರ ಸುತ್ತಿ, ಚೂರು ಚೂರಾಗಿ ಕತ್ತರಿಸಿ, ಮಣಿ ಪೋಣಿಸಿದ ಹಾಗೆ ಒಂದೊಂದನ್ನೇ ಸೂಜಿಯಿಂದ ಕೂರಿಸಿರುತ್ತಾರೆ. ಬೆರಳಾಡಿಸಿದರೆ ಉಬ್ಬು ಗೊತ್ತಾಗುತ್ತದೆ. ಯಂತ್ರದ ಕಸೂತಿ ಚಪ್ಪಟೆಯಾಗಿರುತ್ತದೆ. ಎರಡು, ಅಟ್ಟೆ. ಹೊಲಿದ ಅಟ್ಟೆಯನ್ನು ರಿಪೇರಿಯವರು ಬಿಚ್ಚಿ ಬೇರೆ ಹಾಕಬಲ್ಲರು. ಬರೀ ಅಂಟಿಸಿದ್ದು ಬಿಟ್ಟುಕೊಂಡರೆ ಮತ್ತೆ ಅಂಟಿಸುತ್ತಾ ಹೋಗಬೇಕು ಅಷ್ಟೇ. ಮೂರು, ಒಳಗಿನ ಅಸ್ತರು. ಕಾಲು ಬೆವರುವುದು ಒಳಗಡೆ. ಅಲ್ಲಿ ಚರ್ಮವೋ ಹತ್ತಿಯೋ ಇದ್ದರೆ ಹಿತ, ಪ್ಲಾಸ್ಟಿಕ್ಕಿನಂಥ ಬಟ್ಟೆ ಇದ್ದರೆ ವಾಸನೆ. ಹೆಸರಿಗಾಗಿ ಕೊಡುವ ಬೆಲೆಯಲ್ಲಿ ಈ ಮೂರೂ ಇರಲೇಬೇಕು ಅಂತೇನಿಲ್ಲ. ಕೈಯಲ್ಲಿ ಹಿಡಿದು, ತಿರುಗಿಸಿ, ಒಳಗೆ ಬೆರಳು ಹಾಕಿ ನೋಡಬೇಕು.

ನನ್ನ ಅಭಿಪ್ರಾಯ ಕೇಳಿದರೆ: ರಸ್ತೆಯಲ್ಲಿ ನಡೆಯಲಿಕ್ಕೆ ಅಂತ ತೆಳು ಚರ್ಮದ ಅಟ್ಟೆಯ ದುಬಾರಿ ಮಖಮಲ್ ಸ್ಲಿಪ್ಪರ್ ಕೊಳ್ಳಬೇಡಿ. ಟ್ರೆಂಡ್ ಇದೆ ಅಂತ ಅಂತೂ ಬೇಡವೇ ಬೇಡ. ಟ್ರೆಂಡ್ ಮುಗಿಯುವ ಮೊದಲೇ ಬಟ್ಟೆ ಬೋಳಾಗಬಹುದು. ವರ್ಷದಲ್ಲಿ ನಾಲ್ಕೈದು ಸಂಜೆ, ಒಣ ನೆಲ, ಒಳಾಂಗಣ, ಕೈಕಸೂತಿಯ ಮೇಲೆ ನಿಜವಾದ ಪ್ರೀತಿ — ಇಷ್ಟಿದ್ದರೆ ಖಂಡಿತ ತಗೊಳ್ಳಿ, ಹತ್ತು ವರ್ಷ ಬಾಳುತ್ತದೆ. ದಿನವೂ ಹೊರಗೆ ಹಾಕಿಕೊಳ್ಳುವ ಆಸೆ ಇದ್ದರೆ ರಬ್ಬರ್ ಅಟ್ಟೆಯ ಫ್ರಿಯುಲಾನೆ ಮಾದರಿಯೇ ಸರಿ. ಅದನ್ನು ಅದಕ್ಕೇ ಅಂತ ಹೊಲಿದಿದ್ದು ಅಲ್ವಾ? ಅದರಲ್ಲೂ ಹೆಸರಿಗೆ ಜಾಸ್ತಿ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಕಳೆದ ವಾರ ನನ್ನ ನೀಲಿ ಜೊತೆಗೆ ಆರೈಕೆ ಮಾಡಿದೆ. ಪಾತ್ರೆಯಲ್ಲಿ ನೀರು ಕುದಿಸಿ, ಒಂದು ಗೇಣು ಮೇಲೆ ಸ್ಲಿಪ್ಪರ್ ಹಿಡಿದು, ಹಬೆ ತಾಗಿಸಿ, ಮೆತ್ತನೆ ಬ್ರಷ್‌ನಿಂದ ನವಿರು ಇರುವ ದಿಕ್ಕಿಗೇ ಸವರಿದೆ. ಇಸ್ತ್ರಿಪೆಟ್ಟಿಗೆ ಮುಟ್ಟಿಸಲಿಲ್ಲ, ಮುಟ್ಟಿಸಿದರೆ ನವಿರು ಚಪ್ಪಟೆಯಾಗಿಬಿಡುತ್ತದೆ. ಮಳೆಹನಿಯ ಕಲೆ ಮುಕ್ಕಾಲು ಪಾಲು ಹೋಯಿತು. ಬೋಳಾದ ಜಾಗ ಹಾಗೇ ಇದೆ. ಒಣಗಿದ ಮೇಲೆ ಅದನ್ನು ಮಂಚದ ಪಕ್ಕ ಇಟ್ಟುಕೊಂಡೆ. ಈಗ ಅದು ಮನೆಯೊಳಗೆ ಮಾತ್ರ ಓಡಾಡುತ್ತದೆ.