ಐಸ್ ಹಾಕಿಯ ವೇತನ ಮಿತಿ: ಆಟಗಾರನ ಬದಲು ಕರಾರು ಕೈಬದಲಾದ ಕಥೆ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್ ಮತ್ತು ಕ್ಯಾಲ್ಗರಿ ನಗರಗಳ ನಡುವೆ ಇರುವುದು ಸುಮಾರು ಮುನ್ನೂರು ಕಿಲೋಮೀಟರ್. 1980ರಲ್ಲಿ ಫ್ಲೇಮ್ಸ್ ತಂಡ ಅಟ್ಲಾಂಟಾದಿಂದ ಕ್ಯಾಲ್ಗರಿಗೆ ಬಂದು ನೆಲೆಸಿದಾಗಿನಿಂದ ಅದಕ್ಕೂ ಎಡ್ಮಂಟನ್ ಆಯಿಲರ್ಸ್ ತಂಡಕ್ಕೂ ಹಗೆತನವೇ ಬೆಳೆದುಬಂದಿದೆ. ಈ ಎರಡು ತಂಡಗಳು ಆಟಗಾರರನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳುವುದು ತೀರ ಅಪರೂಪ. ಹಾಗಿದ್ದರೂ 2019ರ ಜುಲೈ 19ರಂದು ಎಡ್ಮಂಟನ್ ತನ್ನ ಮಿಲನ್ ಲೂಚಿಚ್‌ನನ್ನು ಕ್ಯಾಲ್ಗರಿಗೆ ಕೊಟ್ಟು, ಅಲ್ಲಿಂದ ಜೇಮ್ಸ್ ನೀಲ್‌ನನ್ನು ಪಡೆಯಿತು. ಹಿಂದಿನ ಋತುವಿನಲ್ಲಿ ಲೂಚಿಚ್ ಹೊಡೆದಿದ್ದು 6 ಗೋಲು, ನೀಲ್ ಹೊಡೆದಿದ್ದು 7. ಇಬ್ಬರೂ ತಮ್ಮ ತಂಡಗಳಿಗೆ ಭಾರವಾಗಿದ್ದರು. ಲೂಚಿಚ್‌ನದು ವರ್ಷಕ್ಕೆ 60 ಲಕ್ಷ ಡಾಲರಿನಂತೆ ಏಳು ವರ್ಷದ ಕರಾರು, ನೀಲ್‌ನದು 57.5 ಲಕ್ಷದಂತೆ ಐದು ವರ್ಷದ ಕರಾರು.

ಈ ವಿನಿಮಯದ ಒಳಗುಟ್ಟು ಇದ್ದದ್ದು ಕರಾರುಪತ್ರಗಳಲ್ಲಿ. ಲೂಚಿಚ್‌ನ ಹಣದಲ್ಲಿ ಬಹುಪಾಲು ಸಹಿ ಬೋನಸ್, ಅಂದರೆ ಆಟಗಾರನನ್ನು ಬಿಟ್ಟರೂ ಪೂರ್ತಿ ಕೊಡಲೇಬೇಕಾದ ಹಣದ ರೂಪದಲ್ಲಿದ್ದುದರಿಂದ ಅವನನ್ನು ಪರಿಹಾರ ಕೊಟ್ಟು ಬಿಡುಗಡೆ ಮಾಡಿದರೂ ಎಡ್ಮಂಟನ್‌ಗೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ನೀಲ್‌ನ ಕರಾರಿಗೆ ಆ ತೊಡಕಿರಲಿಲ್ಲ. ಆದ್ದರಿಂದ ಎಡ್ಮಂಟನ್ ಲೂಚಿಚ್‌ನ ಸಂಬಳದ ಎಂಟನೇ ಒಂದು ಭಾಗವನ್ನು ತಾನೇ ಹೊರಲು ಒಪ್ಪಿ, ಮೇಲೆ ಒಂದು ಷರತ್ತಿನ ಡ್ರಾಫ್ಟ್ ಅವಕಾಶವನ್ನೂ (ಹೊಸ ತರುಣ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು) ಸೇರಿಸಿ ಕೊಟ್ಟಿತು. ಎರಡು ವರ್ಷಗಳ ಬಳಿಕ, 2021ರಲ್ಲಿ, ನೀಲ್‌ಗೆ ಪರಿಹಾರ ಕೊಟ್ಟು ಕಳಿಸಿಯೂ ಬಿಟ್ಟಿತು. ಬದ್ಧ ಎದುರಾಳಿಗಳು ತಮ್ಮ ತಮ್ಮ ಲೆಕ್ಕದ ಪುಸ್ತಕ ಹಗುರ ಮಾಡಿಕೊಳ್ಳಲು ಒಬ್ಬರ ನೆರವು ಇನ್ನೊಬ್ಬರು ಪಡೆದ ಈ ಘಟನೆ ಅದಕ್ಕೆ ಇಪ್ಪತ್ತು ವರ್ಷಗಳ ಹಿಂದೆ ಊಹಿಸಲೂ ಆಗದ್ದು. ಇದನ್ನು ಸಾಧ್ಯವಾಗಿಸಿದ್ದು ರಾಷ್ಟ್ರೀಯ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, 2005ರಲ್ಲಿ ಜಾರಿಗೆ ತಂದ ವೇತನ ಮಿತಿ.

ಐಪಿಎಲ್ ಹರಾಜನ್ನು ನೋಡಿದವರಿಗೆ ಈ ಪದ್ಧತಿಯ ತಿರುಳು ಹೊಸದಲ್ಲ: ಎಲ್ಲ ತಂಡಗಳ ಥೈಲಿಯಲ್ಲಿಯೂ ಒಂದೇ ಮೊತ್ತ, ಅದರೊಳಗೆ ಇಡೀ ತಂಡವನ್ನು ಕಟ್ಟಬೇಕು. ಆದರೆ ಎನ್‌ಎಚ್‌ಎಲ್‌ನಲ್ಲಿ ಹರಾಜಿಲ್ಲ, ಕರಾರುಗಳು ಹಲವು ವರ್ಷಗಳ ತನಕ ನಡೆಯಬಹುದು. ಆಟಗಾರನಿಗೆ ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಿಮೆ ಸಂಬಳ ಬಂದರೂ ಮಿತಿಯ ಲೆಕ್ಕಕ್ಕೆ ಹಿಡಿಯುವುದು ಇಡೀ ಕರಾರಿನ ವಾರ್ಷಿಕ ಸರಾಸರಿಯನ್ನು. ಮೇಲೆ ಗರಿಷ್ಠ ಮಿತಿ ಇರುವಂತೆ ಕೆಳಗೆ ಕನಿಷ್ಠ ಮಿತಿಯೂ ಇದೆ. ಜಿಪುಣ ಮಾಲೀಕನೂ ಅಷ್ಟು ಖರ್ಚು ಮಾಡಲೇಬೇಕು. ಕನಿಷ್ಠ ಮಿತಿಯ ಈ ಸಣ್ಣ ನಿಯಮದಿಂದ ಎಷ್ಟು ವಿಚಿತ್ರಗಳು ಹುಟ್ಟಿದವೆಂಬುದು ಮುಂದೆ ಬರುತ್ತದೆ.

1917ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಈ ಲೀಗ್‌ಗೆ ಮಿತಿ ಎಂಬ ವಿಚಾರವೇನೂ ಹೊಸತಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿಯೇ ತಂಡಕ್ಕಿಷ್ಟು, ಆಟಗಾರನಿಗಿಷ್ಟು ಎಂದು ಅದು ಕಟ್ಟು ಹಾಕಿತ್ತು. ಅದಕ್ಕೂ ಮುನ್ನ 1930ರಲ್ಲಿ ಹಣವಿಲ್ಲದೆ ಕಂಗೆಟ್ಟಿದ್ದ ಆಟವಾ ತಂಡ ತನ್ನ ಅತ್ಯುತ್ತಮ ಆಟಗಾರ ಕಿಂಗ್ ಕ್ಲಾನ್ಸಿಯನ್ನು 35,000 ಡಾಲರ್ ಮತ್ತು ಇಬ್ಬರು ಆಟಗಾರರಿಗಾಗಿ ಟೊರಾಂಟೊಕ್ಕೆ ಒಪ್ಪಿಸಿತ್ತು. ಅಲ್ಲಿಂದ ಮುಂದಿನ ಹಲವು ದಶಕಗಳಲ್ಲಿ ಸಂಬಳಕ್ಕೆ ಮಿತಿ ಹಾಕುವ ಅಗತ್ಯವೇ ಬರಲಿಲ್ಲ, ಏಕೆಂದರೆ ಒಮ್ಮೆ ಸಹಿ ಹಾಕಿದ ಆಟಗಾರ ಆ ತಂಡದ ಹಿಡಿತದಿಂದ ಬಿಡಿಸಿಕೊಳ್ಳುವ ದಾರಿಯೇ ಇರಲಿಲ್ಲ. ಸಂಘ ಕಟ್ಟಲು ಮುಂದಾದ ಡೆಟ್ರಾಯ್ಟ್‌ನ ಟೆಡ್ ಲಿಂಡ್ಸೆಯನ್ನು 1957ರಲ್ಲಿ ಶಿಕಾಗೊಗೆ ಸಾಗಹಾಕಲಾಯಿತು. ಆಟಗಾರರ ಸಂಘ ನೆಲೆಗೊಂಡದ್ದು 1967ರಲ್ಲಿ. 1972ರಲ್ಲಿ ಡಬ್ಲ್ಯುಎಚ್‌ಎ ಎಂಬ ಪ್ರತಿಸ್ಪರ್ಧಿ ಲೀಗ್ ಹುಟ್ಟಿ, ಅದರ ವಿನಿಪೆಗ್ ತಂಡ ಎನ್‌ಎಚ್‌ಎಲ್‌ನ ತಾರೆ ಬಾಬಿ ಹಲ್‌ಗೆ ಸಹಿ ಹಾಕಿದ್ದಕ್ಕೇ 10 ಲಕ್ಷ ಡಾಲರ್ ಕೊಟ್ಟಾಗ ಸಂಬಳಗಳು ಮೇಲೇರತೊಡಗಿದವು. ಆ ಲೀಗ್ 1979ರಲ್ಲಿ ಮುಚ್ಚಿದಾಗ ಎಡ್ಮಂಟನ್, ಕ್ವಿಬೆಕ್, ವಿನಿಪೆಗ್ ಮತ್ತು ಹಾರ್ಟ್‌ಫರ್ಡ್ ತಂಡಗಳು ಎನ್‌ಎಚ್‌ಎಲ್‌ಗೆ ಬಂದು ಸೇರಿದವು. ನಾಲ್ಕೂ ಸಣ್ಣ ಮಾರುಕಟ್ಟೆಗಳು. ಮುಂದೆ ಬಂದ ಹಣದ ಹೊಡೆತಕ್ಕೆ ಮೊದಲು ಒಡ್ಡಿಕೊಂಡವೂ ಇವೇ.

1988ರ ಆಗಸ್ಟ್ 9ರ ಬಗ್ಗೆ ಎಡ್ಮಂಟನ್‌ನಲ್ಲಿ ಇಂದಿಗೂ ಹಗುರವಾಗಿ ಮಾತನಾಡುವವರಿಲ್ಲ. ವೇಯ್ನ್ ಗ್ರೆಟ್ಜ್ಕಿಯ ನಾಯಕತ್ವದಲ್ಲಿ ತಂಡ ಐದು ವರ್ಷಗಳಲ್ಲಿ ನಾಲ್ಕನೇ ಸ್ಟಾನ್ಲಿ ಕಪ್, ಅಂದರೆ ಲೀಗ್‌ನ ಚಾಂಪಿಯನ್ ಪ್ರಶಸ್ತಿ, ಗೆದ್ದು ಮೂರು ತಿಂಗಳೂ ಆಗಿರಲಿಲ್ಲ. ಮಾಲೀಕ ಪೀಟರ್ ಪಾಕ್ಲಿಂಗ್ಟನ್ ಅವನನ್ನು ಇನ್ನಿಬ್ಬರೊಂದಿಗೆ ಲಾಸ್ ಏಂಜಲೀಸ್ ಕಿಂಗ್ಸ್ ತಂಡಕ್ಕೆ ಕಳಿಸಿ, ಬದಲಿಗೆ ಇಬ್ಬರು ತರುಣ ಆಟಗಾರರು, ಮೂರು ಮೊದಲ ಸುತ್ತಿನ ಡ್ರಾಫ್ಟ್ ಅವಕಾಶಗಳು ಹಾಗೂ 1.5 ಕೋಟಿ ಅಮೆರಿಕನ್ ಡಾಲರ್ ಪಡೆದ. ಪತ್ರಿಕಾಗೋಷ್ಠಿಯಲ್ಲಿ ಗ್ರೆಟ್ಜ್ಕಿ ಮಾತು ಮುಂದುವರಿಸಲಾಗದೆ ಕಣ್ಣೊರೆಸಿಕೊಂಡ. ಈ ವ್ಯವಹಾರವನ್ನು ಸರಕಾರ ತಡೆಯಬೇಕೆಂದು ಸಂಸದ ನೆಲ್ಸನ್ ರಿಯಿಸ್ ಒತ್ತಾಯಿಸಿದರು. ಮರುವರ್ಷದ ಪ್ಲೇಆಫ್‌ನಲ್ಲಿ 3-1 ಪಂದ್ಯಗಳಿಂದ ಹಿಂದಿದ್ದ ಲಾಸ್ ಏಂಜಲೀಸ್ ಚೇತರಿಸಿಕೊಂಡು ಎಡ್ಮಂಟನ್ ತಂಡವನ್ನೇ ಹೊರದಬ್ಬಿತು. 1990ರಲ್ಲಿ ಗ್ರೆಟ್ಜ್ಕಿ ಇಲ್ಲದೆಯೂ ಆಯಿಲರ್ಸ್ ಕಪ್ ಗೆದ್ದಿತೆಂಬುದು ನಿಜ. ಆದರೆ ಮರುವರ್ಷವೇ ನಾಯಕ ಮಾರ್ಕ್ ಮೆಸಿಯೆಯೂ ನ್ಯೂಯಾರ್ಕ್‌ಗೆ ಹೋದ. ಆ ವಿನಿಮಯಗಳಲ್ಲಿ ಒಂದು ಕಡೆಗೆ ಆಟಗಾರ, ಇನ್ನೊಂದು ಕಡೆಗೆ ನಗದು. ಯಾರು ಮಾರಿದರು, ಯಾರು ಕೊಂಡರು ಎಂಬುದರಲ್ಲಿ ಅಭಿಮಾನಿಗೆ ಗೊಂದಲವಿರಲಿಲ್ಲ, ಸಿಟ್ಟು ಯಾರ ಮೇಲೆ ಎಂಬುದರಲ್ಲಿಯೂ ಇರಲಿಲ್ಲ.

ಕ್ವಿಬೆಕ್‌ನ ನೋವು ಇದಕ್ಕಿಂತ ಆಳವಾದದ್ದು. ಅಲ್ಲಿನ ನಾರ್ಡೀಕ್ಸ್ ತಂಡಕ್ಕೆ ಅದೇ ಪ್ರಾಂತ್ಯದ ಮಾಂಟ್ರಿಯಲ್ ಕೆನೇಡಿಯನ್ಸ್ ಎಂದರೆ ಆಗುತ್ತಿರಲಿಲ್ಲ. ಆದಾಯ ಕೆನಡಾ ಡಾಲರ್‌ನಲ್ಲಿ, ಸಂಬಳ ಅಮೆರಿಕನ್ ಡಾಲರ್‌ನಲ್ಲಿ ಎಂಬ ಇಕ್ಕಟ್ಟಿನಲ್ಲಿ ಸಿಲುಕಿದ ನಾರ್ಡೀಕ್ಸ್ 1995ರಲ್ಲಿ ಡೆನ್ವರ್‌ಗೆ ವಲಸೆ ಹೋಗಿ ಕೊಲರಾಡೊ ಅವಲಾಂಚ್ ಆಯಿತು. ಅದೇ ವರ್ಷದ ಡಿಸೆಂಬರ್ 2ರಂದು ಮಾಂಟ್ರಿಯಲ್ ತನ್ನ ಅಂಗಳದಲ್ಲಿಯೇ ಡೆಟ್ರಾಯ್ಟ್‌ಗೆ 11-1ರಿಂದ ಸೋತಿತು. ಒಂಬತ್ತು ಗೋಲು ಬಿಟ್ಟುಕೊಡುವ ತನಕ ಕೋಚ್ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾನನ್ನು ಹೊರಕ್ಕೆ ಕರೆಯಲಿಲ್ಲ. ಅವಮಾನಿತನಾಗಿ ಹೊರಬಂದ ರುವಾ ಕೋಚ್‌ನನ್ನು ದಾಟಿ ಹೋಗಿ, ಬೆಂಚಿನ ಹಿಂದೆ ಕುಳಿತಿದ್ದ ತಂಡದ ಅಧ್ಯಕ್ಷರಿಗೆ, ಮಾಂಟ್ರಿಯಲ್‌ನಲ್ಲಿ ಇದೇ ತನ್ನ ಕೊನೆಯ ಆಟ ಎಂದು ಹೇಳಿದ. ನಾಲ್ಕು ದಿನಗಳಲ್ಲಿ ಅವನು ಕೊಲರಾಡೊ ಪಾಲಾದ. 1996ರ ಜೂನ್‌ನಲ್ಲಿ ಆ ತಂಡ ಕಪ್ ಗೆದ್ದಿತು. ನಾರ್ಡೀಕ್ಸ್ ಇನ್ನೂ ಕ್ವಿಬೆಕ್‌ನಲ್ಲಿಯೇ ಇದ್ದಿದ್ದರೆ ಮಾಂಟ್ರಿಯಲ್ ತನ್ನ ರುವಾನನ್ನು ಆ ತಂಡಕ್ಕೆ ಎಂದೂ ಕೊಡುತ್ತಿರಲಿಲ್ಲ ಎಂದು ನಂಬದ ಅಭಿಮಾನಿ ಆ ಪ್ರಾಂತ್ಯದಲ್ಲಿ ಸಿಗುವುದು ಕಷ್ಟ, ನನಗೂ ಅದೇ ಸರಿಯೆನಿಸುತ್ತದೆ. ತಂಡವೊಂದು ಊರು ಬಿಟ್ಟಾಗ ಅದರ ಹಗೆಯೂ ಊರು ಬಿಡುತ್ತದೆ, ಹಗೆ ಇಲ್ಲದ ಕಡೆ ವ್ಯಾಪಾರ ಸಲೀಸು.

ವಿನಿಪೆಗ್ ತಂಡ 1996ರಲ್ಲಿ ಫೀನಿಕ್ಸ್‌ಗೆ, ಹಾರ್ಟ್‌ಫರ್ಡ್ ತಂಡ 1997ರಲ್ಲಿ ಕ್ಯಾರೊಲಿನಾಕ್ಕೆ ಹೋದವು. 1979ರಲ್ಲಿ ಬಂದ ನಾಲ್ಕರಲ್ಲಿ ಉಳಿದದ್ದು ಎಡ್ಮಂಟನ್ ಒಂದೇ. ಅದೂ ಹ್ಯೂಸ್ಟನ್ ಪಾಲಾಗಲಿದ್ದಾಗ 1998ರಲ್ಲಿ ಊರಿನ ಮೂವತ್ತಕ್ಕೂ ಹೆಚ್ಚು ಹೂಡಿಕೆದಾರರು ಹಣ ಕೂಡಿಸಿ ತಂಡವನ್ನು ಕೊಂಡು ಉಳಿಸಿಕೊಂಡರು. ಆದರೂ ಬೆಳೆದ ಆಟಗಾರರನ್ನು ಉಳಿಸಿಕೊಳ್ಳುವ ಶಕ್ತಿ ಅವರಿಗಿರಲಿಲ್ಲ. 2002ರ ಆರಂಭದಲ್ಲಿ ಕೆನಡಾ ಡಾಲರ್ ಅಮೆರಿಕದ 62 ಸೆಂಟ್‌ಗಳ ಆಸುಪಾಸಿಗೆ ಕುಸಿದಿತ್ತು. ಇತ್ತ ನ್ಯೂಯಾರ್ಕ್ ರೇಂಜರ್ಸ್ ವರ್ಷಕ್ಕೆ 7 ಕೋಟಿ ಡಾಲರ್‌ಗೂ ಮಿಕ್ಕಿ ಸಂಬಳ ಸುರಿಯುತ್ತಿತ್ತು. ಹಾಗೆ ಸುರಿದೂ ಆ ತಂಡ ಸತತ ಏಳು ಋತು ಪ್ಲೇಆಫ್ ಮುಟ್ಟಲಿಲ್ಲ ಎಂಬುದನ್ನು ಆಟಗಾರರ ಸಂಘ ಮುಂದಿಟ್ಟು, ಹಣದಿಂದ ಕಪ್ ಬರುವುದಿಲ್ಲ, ಮಿತಿ ಏಕೆ ಬೇಕು ಎಂದು ಕೇಳುತ್ತಿತ್ತು. ವಾದ ತಕ್ಕಮಟ್ಟಿಗೆ ಸರಿಯೇ. ಆದರೆ ಮಿತಿಯ ಅಗತ್ಯ ಇದ್ದದ್ದು ರೇಂಜರ್ಸ್ ಗೆಲ್ಲುವುದನ್ನು ತಡೆಯಲಿಕ್ಕಲ್ಲ, ಎಡ್ಮಂಟನ್‌ನಂಥ ಊರು ತನ್ನಲ್ಲಿ ಬೆಳೆದ ಆಟಗಾರನನ್ನು ಉಳಿಸಿಕೊಳ್ಳಲಿಕ್ಕೆ.

ಬಾಸ್ಕೆಟ್‌ಬಾಲ್‌ನ ಎನ್‌ಬಿಎಯಿಂದ ಬಂದು 1993ರಲ್ಲಿ ಕಮಿಷನರ್ ಆದ ಗ್ಯಾರಿ ಬೆಟ್ಮನ್ ಇದಕ್ಕಾಗಿ ಎರಡು ಬಾರಿ ಬೀಗಮುದ್ರೆ (ಲಾಕೌಟ್) ಹಾಕಿದರು. 1994-95ರ ಮೊದಲ ಯತ್ನದಲ್ಲಿ ಋತು 48 ಪಂದ್ಯಗಳಿಗೆ ಇಳಿದರೂ ಮಿತಿ ದಕ್ಕಲಿಲ್ಲ. ಎರಡನೆಯದು 2004ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಸಂಘದ ಮುಖ್ಯಸ್ಥ ಬಾಬ್ ಗುಡೆನೊ ಎಲ್ಲ ಸಂಬಳಗಳಲ್ಲಿ ಶೇ 24ರಷ್ಟು ಕಡಿತಕ್ಕೆ ಸಿದ್ಧರಾದರೂ ಮಿತಿಗೆ ಬಹುಕಾಲ ಒಪ್ಪಲಿಲ್ಲ. ಕೊನೆಗೆ ಲೀಗ್ 4.25 ಕೋಟಿ ಡಾಲರ್ ಮಿತಿ ಎಂದಿತು, ಸಂಘ 4.9 ಕೋಟಿ ಎಂದಿತು. ನಡುವಿನ 65 ಲಕ್ಷದ ಅಂತರ ಮುಚ್ಚಲಾಗದೆ 2005ರ ಫೆಬ್ರವರಿ 16ರಂದು ಇಡೀ ಋತುವೇ ರದ್ದಾಯಿತು. ಕಾರ್ಮಿಕ ವಿವಾದದಿಂದ ಪೂರ್ಣ ಋತುವನ್ನು ಕಳೆದುಕೊಂಡ ಉತ್ತರ ಅಮೆರಿಕದ ಮೊದಲ ಪ್ರಮುಖ ಲೀಗ್ ಇದು. 1919ರ ಇನ್‌ಫ್ಲುಯೆಂಜಾ ವರ್ಷದ ನಂತರ ಮೊದಲ ಸಲ ಸ್ಟಾನ್ಲಿ ಕಪ್ ಯಾರ ಕೈಗೂ ಸೇರಲಿಲ್ಲ. ಜುಲೈನಲ್ಲಿ ಕೊನೆಗೂ ಒಪ್ಪಂದವಾದಾಗ ಮಿತಿ 3.9 ಕೋಟಿಗೆ ನಿಂತಿತು. ಆಟಗಾರರು ಫೆಬ್ರವರಿಯಲ್ಲಿ ನಿರಾಕರಿಸಿದ್ದಕ್ಕಿಂತ ಕಡಿಮೆ ಮೊತ್ತ ಅದು. ಆ ತಿಂಗಳು ಮುಗಿಯುವುದರೊಳಗೆ ಗುಡೆನೊ ರಾಜೀನಾಮೆ ಕೊಟ್ಟರು.

ಹೊಸ ವ್ಯವಸ್ಥೆಯ ಮೊದಲ ಫಲ ಉಂಡದ್ದು ಎಡ್ಮಂಟನ್. 2000ದಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರನಾಗಿದ್ದ ಡಿಫೆಂಡರ್ ಕ್ರಿಸ್ ಪ್ರಾಂಗರ್‌ನನ್ನು, ಮಾಲೀಕರು ತಂಡವನ್ನೇ ಮಾರಲು ಹೊರಟಿದ್ದ ಸೇಂಟ್ ಲೂಯಿಸ್, 2005ರ ಆಗಸ್ಟ್‌ನಲ್ಲಿ ಮೂವರು ಆಟಗಾರರ ಬದಲಿಗೆ ಎಡ್ಮಂಟನ್‌ಗೆ ಕೊಟ್ಟಿತು. ಅವನು ಕೂಡಲೇ ಐದು ವರ್ಷಕ್ಕೆ ಸಹಿ ಹಾಕಿದ. ದೊಡ್ಡ ತಾರೆಯರು ಹೊರಟುಹೋಗುವ ಊರಿಗೆ ತಾರೆಯೊಬ್ಬ ಬಂದದ್ದೇ ಒಂದು ಸಂಭ್ರಮ. ಎಂಟನೇ ಸ್ಥಾನದಿಂದ ಪ್ಲೇಆಫ್ ಹೊಕ್ಕ ತಂಡ ಮೊದಲ ಸುತ್ತಿನಲ್ಲಿಯೇ ಅಗ್ರಸ್ಥಾನಿ ಡೆಟ್ರಾಯ್ಟ್‌ನನ್ನು ಕೆಡವಿ ಫೈನಲ್ ತನಕ ಹೋಯಿತು. ಅಲ್ಲಿ ಎದುರಾದದ್ದು ಒಂದು ಕಾಲದ ಹಾರ್ಟ್‌ಫರ್ಡ್, ಅಂದರೆ ಕ್ಯಾರೊಲಿನಾ. ಏಳನೇ ಪಂದ್ಯದಲ್ಲಿ ಆಯಿಲರ್ಸ್ 3-1ರಿಂದ ಸೋತಿತು. ಕೆಲವೇ ದಿನಗಳಲ್ಲಿ ಪ್ರಾಂಗರ್ ಕುಟುಂಬದ ಕಾರಣ ಹೇಳಿ ತನ್ನನ್ನು ಬೇರೆಡೆ ಕಳಿಸಿರೆಂದು ಕೇಳಿದ. ಅನಾಹೈಮ್‌ಗೆ ಹೋದ ಅವನು 2007ರಲ್ಲಿ ಅಲ್ಲಿ ಕಪ್ ಎತ್ತಿದ. ಥೈಲಿ ಸಮನಾದರೂ ಊರುಗಳು ಸಮನಾಗಿರಲಿಲ್ಲ.

ಇದೇ ಪ್ರಾಂಗರ್‌ನ ಮುಂದಿನ ಕಥೆ ವೇತನ ಮಿತಿಯ ಚರಿತ್ರೆಯನ್ನೇ ಹೇಳುತ್ತದೆ. 2009ರಲ್ಲಿ ಫಿಲಡೆಲ್ಫಿಯಾ ಅವನಿಗೆ ಏಳು ವರ್ಷದ ಕರಾರು ಕೊಟ್ಟಿತು. 35 ದಾಟಿದ ಮೇಲೆ ಆರಂಭವಾಗುವ ಕರಾರಾದ್ದರಿಂದ ಅವನು ನಿವೃತ್ತನಾದರೂ ಆ ಮೊತ್ತ ತಂಡದ ಲೆಕ್ಕದಲ್ಲಿ ಉಳಿಯುತ್ತಿತ್ತು. ಕಣ್ಣಿನ ಗಾಯ ಮತ್ತು ಮಿದುಳಿಗೆ ಬಿದ್ದ ಪೆಟ್ಟಿನಿಂದ ಅವನು 2011ರ ನವೆಂಬರ್ ನಂತರ ಆಡಲೇ ಇಲ್ಲ, ನಿವೃತ್ತಿಯನ್ನೂ ಘೋಷಿಸಲಿಲ್ಲ. 2014ರಲ್ಲಿ ಲೀಗ್‌ನ ಆಟಗಾರರ ಸುರಕ್ಷತಾ ವಿಭಾಗದಲ್ಲಿ ಕೆಲಸಕ್ಕೆ ಸೇರಿದ. 2015ರ ಜೂನ್‌ನಲ್ಲಿ, ಕನಿಷ್ಠ ಮಿತಿ ತಲುಪಲು, ಕೈಯಿಂದ ಕೊಡುವ ಹಣಕ್ಕಿಂತ ಲೆಕ್ಕಕ್ಕೆ ಹಿಡಿಯುವ ಸರಾಸರಿ ಹೆಚ್ಚಿರುವ ಇಂಥ ಕರಾರುಗಳನ್ನು ಹುಡುಕುತ್ತಿದ್ದ ಅರಿಜೋನಾಕ್ಕೆ ಫಿಲಡೆಲ್ಫಿಯಾ ಅವನ ಕರಾರನ್ನು ದಾಟಿಸಿತು. ಅದೇ ನವೆಂಬರ್‌ನಲ್ಲಿ ಅವನು ಹಾಲ್ ಆಫ್ ಫೇಮ್ ಸೇರಿದಾಗ ಕಾಗದದ ಮೇಲೆ ಅರಿಜೋನಾದ ಆಟಗಾರ. ಮರುವರ್ಷ ರಷ್ಯಾಕ್ಕೆ ಮರಳಿದ ಪಾವೆಲ್ ದಾತ್ಸ್ಯುಕ್‌ನ ಕರಾರನ್ನೂ ಡೆಟ್ರಾಯ್ಟ್ ಹೀಗೆಯೇ ಅರಿಜೋನಾಕ್ಕೆ ಒಪ್ಪಿಸಿತು. ಕನಿಷ್ಠ ಮಿತಿಯನ್ನು ತಂದದ್ದು ಬಡ ತಂಡಗಳೂ ಆಟಗಾರರಿಗೆ ಹಣ ಹಾಕಲಿ ಎಂದು. ಅರಿಜೋನಾ ಕೊಂಡದ್ದು ಆಡದವರ ಹೆಸರುಗಳನ್ನು. ಆ ತಂಡದ ಟಿಕೆಟ್ ಕೊಂಡು ಬಂದವರಿಗೆ ಇದು ಅನ್ಯಾಯವೇ.

ಗರಿಷ್ಠ ಮಿತಿಯನ್ನು ಬಗ್ಗಿಸುವ ಯತ್ನಗಳೂ ಬೇಗನೆ ಶುರುವಾದವು. 2010ರಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಇಲ್ಯಾ ಕೊವಾಲ್ಚುಕ್‌ಗೆ 17 ವರ್ಷಕ್ಕೆ 10.2 ಕೋಟಿ ಡಾಲರಿನ ಕರಾರು ಬರೆಯಿತು. ಕೊನೆಯ ವರ್ಷಗಳಿಗೆ ತೀರ ಅಲ್ಪ ಸಂಬಳ ಇಟ್ಟು ಸರಾಸರಿಯನ್ನು ಇಳಿಸುವುದೇ ಅದರ ಉದ್ದೇಶ. ಲೀಗ್ ಅದನ್ನು ತಿರಸ್ಕರಿಸಿತು, ಪಂಚಾಯಿತಿದಾರರು ಲೀಗ್ ಪರ ತೀರ್ಪಿತ್ತರು. ತಂಡ ಬಳಿಕ 15 ವರ್ಷದ ಹೊಸ ಕರಾರು ಮಾಡಿಕೊಂಡು, ದಂಡವನ್ನೂ ತೆತ್ತಿತು. ಅದೇ ಬೇಸಿಗೆಯಲ್ಲಿ ಕಪ್ ಗೆದ್ದ ಶಿಕಾಗೊ, ಗೆಲ್ಲಿಸಿದವರನ್ನೇ ಉಳಿಸಿಕೊಳ್ಳಲಾಗದೆ ಬಫ್ಲಿನ್, ಲ್ಯಾಡ್, ವರ್ಸ್ಟೀಗ್ ಮತ್ತು ಗೋಲ್‌ಕೀಪರ್ ನಿಯೆಮಿಯನ್ನು ಕೆಲವೇ ವಾರಗಳಲ್ಲಿ ಬಿಟ್ಟುಕೊಟ್ಟಿತು. 2012-13ರಲ್ಲಿ ಇನ್ನೊಂದು ಬೀಗಮುದ್ರೆ ಮುಗಿದಾಗ ಆದಾಯವನ್ನು ಆಟಗಾರರೂ ಮಾಲೀಕರೂ ಅರ್ಧರ್ಧ ಹಂಚಿಕೊಳ್ಳುವುದೆಂದೂ, ಸ್ವಂತ ಆಟಗಾರನಿಗೆ ಎಂಟು ವರ್ಷ, ಹೊರಗಿನವನಿಗೆ ಏಳು ವರ್ಷ ಮೀರಿ ಕರಾರು ಕೂಡದೆಂದೂ ತೀರ್ಮಾನವಾಯಿತು.

ಉಳಿದ ದೊಡ್ಡ ಬಿರುಕು ಗಾಯಾಳುಗಳದು. ದೀರ್ಘಕಾಲ ಹೊರಗುಳಿಯುವ ಆಟಗಾರನ ಮೊತ್ತದಷ್ಟು ಮಿತಿಯನ್ನು ಮೀರಲು ತಂಡಕ್ಕೆ ಅವಕಾಶವಿತ್ತು, ಪ್ಲೇಆಫ್‌ನಲ್ಲಿ ಮಿತಿಯೇ ಇರಲಿಲ್ಲ. ಸೊಂಟದ ಶಸ್ತ್ರಚಿಕಿತ್ಸೆಯಿಂದಾಗಿ 2020-21ರ ಇಡೀ ಋತು ಹೊರಗಿದ್ದ ಟ್ಯಾಂಪಾದ ನಿಕಿತಾ ಕುಚೆರೊವ್ ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಮರಳಿ, 32 ಅಂಕಗಳೊಂದಿಗೆ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಎಲ್ಲರಿಗಿಂತ ಮುಂದಿದ್ದು ಕಪ್ ಗೆಲ್ಲಿಸಿದ. ಮಿತಿಗಿಂತ 1.8 ಕೋಟಿ ಮೇಲಿದ್ದೇವೆ ಎಂದು ಬರೆದ ಅಂಗಿ ತೊಟ್ಟು ಸಂಭ್ರಮಿಸಿದ. ನಿಯಮ ಮುರಿದಿರಲಿಲ್ಲವಾದ್ದರಿಂದ ಟ್ಯಾಂಪಾವನ್ನು ನಾನು ದೂರುವುದಿಲ್ಲ. ನಾಲ್ಕು ವರ್ಷ ಆ ನಿಯಮವನ್ನು ಹಾಗೆಯೇ ಬಿಟ್ಟ ಲೀಗ್‌ನ ತಪ್ಪು ದೊಡ್ಡದು. ಪ್ಲೇಆಫ್‌ನಲ್ಲಿ ಅಂದಂದು ಕಣಕ್ಕಿಳಿಯುವ ತಂಡಕ್ಕೂ ಮಿತಿ ಅನ್ವಯಿಸುವ ನಿಯಮ ಬಂದದ್ದು 2025-26ರ ಋತುವಿಗೆ.

ಎಡ್ಮಂಟನ್‌ಗೆ ಮತ್ತೆ ಬಿಸಿ ತಟ್ಟಿದ್ದು 2024ರಲ್ಲಿ. ಫೈನಲ್‌ನ ಏಳನೇ ಪಂದ್ಯದಲ್ಲಿ ಫ್ಲಾರಿಡಾಕ್ಕೆ ಸೋತು ಎರಡು ತಿಂಗಳಾಗುವಷ್ಟರಲ್ಲಿ ಸೇಂಟ್ ಲೂಯಿಸ್ ತಂಡ ಆಯಿಲರ್ಸ್‌ನ ಇಬ್ಬರು ತರುಣರಿಗೆ ನೇರ ಕರಾರು ಮುಂದೊಡ್ಡಿತು: ಫಿಲಿಪ್ ಬ್ರೊಬರ್ಗ್‌ಗೆ ವರ್ಷಕ್ಕೆ 45.8 ಲಕ್ಷ, ಡಿಲನ್ ಹಾಲೊವೇಗೆ 22.9 ಲಕ್ಷ. ಅಷ್ಟೇ ಮೊತ್ತ ಕೊಟ್ಟು ಉಳಿಸಿಕೊಳ್ಳಲು ಎಡ್ಮಂಟನ್‌ಗೆ ಏಳು ದಿನದ ಗಡುವು. ಮಾಲೀಕರಲ್ಲಿ ಹಣವಿತ್ತು, ಮಿತಿಯೊಳಗೆ ಜಾಗವಿರಲಿಲ್ಲ. ಎರಡು ಡ್ರಾಫ್ಟ್ ಅವಕಾಶಗಳ ಬದಲಿಗೆ ಇಬ್ಬರೂ ಹೋದರು. ಹಾಲೊವೇ ಮರುಋತುವಿನಲ್ಲಿ 26 ಗೋಲು ಹೊಡೆದ. 2025ರ ಫೈನಲ್‌ನಲ್ಲಿಯೂ ಎಡ್ಮಂಟನ್ ಅದೇ ಫ್ಲಾರಿಡಾಕ್ಕೆ ಸೋತಿತು. ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ. ಅಷ್ಟೇ ಡಾಲರ್ ಕರಾರಿನಲ್ಲಿ ಅಲ್ಲಿನ ಆಟಗಾರನ ಕೈಗೆ ಆಲ್ಬರ್ಟಾದವನಿಗಿಂತ ಹೆಚ್ಚು ಬರುತ್ತದೆ, ಮಿತಿಯ ಲೆಕ್ಕ ಅದನ್ನು ಗಮನಿಸುವುದಿಲ್ಲ.

ಈಗ ಮಿತಿ ಮತ್ತೆ ಏರುತ್ತಿದೆ. ಕೋವಿಡ್ ಕಾಲದಲ್ಲಿ 8.15 ಕೋಟಿಯಲ್ಲಿಯೇ ನಿಂತಿದ್ದ ಅದು 2025-26ಕ್ಕೆ 9.55 ಕೋಟಿಯಾಯಿತು, 2026-27ಕ್ಕೆ 10.4 ಕೋಟಿ, 2027-28ಕ್ಕೆ 11.35 ಕೋಟಿ ಎಂದು ಲೀಗ್ ಮೊದಲೇ ಅಂದಾಜು ಪ್ರಕಟಿಸಿದೆ. ಒಬ್ಬ ಆಟಗಾರನಿಗೆ ಮಿತಿಯ ಶೇ 20ರ ತನಕ ಕೊಡಬಹುದು. 2025-26ರ ಲೆಕ್ಕದಲ್ಲಿ ಅದು 1.91 ಕೋಟಿ. ಮಿನೆಸೋಟಾದ ಕಿರಿಲ್ ಕಪ್ರಿಜೊವ್ ವರ್ಷಕ್ಕೆ 1.7 ಕೋಟಿಯಂತೆ ಎಂಟು ವರ್ಷಕ್ಕೆ ಸಹಿ ಹಾಕಿದ ಕೆಲವೇ ದಿನಗಳಲ್ಲಿ, 2025ರ ಅಕ್ಟೋಬರ್‌ನಲ್ಲಿ, ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್ ತನ್ನ ಹಳೆಯ ಸಂಬಳವಾದ 1.25 ಕೋಟಿಗೇ ಒಪ್ಪಿಕೊಂಡ. ಆದರೆ ಎರಡೇ ವರ್ಷಕ್ಕೆ. ಉಳಿದ ಹಣದಲ್ಲಿ ಗೆಲ್ಲುವ ತಂಡ ಕಟ್ಟಲು ಎಡ್ಮಂಟನ್‌ಗೆ ಅವನು ಜಾಗ ಮಾಡಿಕೊಟ್ಟಿದ್ದಾನೆ. ಕಟ್ಟಲಾಗದಿದ್ದರೆ 2028ರ ಬೇಸಿಗೆಯಲ್ಲಿ ಅವನು ಸ್ವತಂತ್ರ, ಅವನ ಬದಲಿಗೆ ಒಬ್ಬ ಆಟಗಾರನೂ, ಒಂದು ಡ್ರಾಫ್ಟ್ ಅವಕಾಶವೂ ತಂಡಕ್ಕೆ ಸಿಗುವುದಿಲ್ಲ.