ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಆಗೋದಿಲ್ಲ ಯಾಕೆ?

ಕಳೆದ ಸುಗ್ಗಿಯಲ್ಲಿ ಗಂಗಾವತಿಯ ಒಂದು ರೈಸ್ ಮಿಲ್‌ನಿಂದ ಫೋನ್ ಬಂತು. "ಸರ್, ಪಾಸ್‌ವರ್ಡ್ ಸರಿನೇ ಹಾಕೀನ್ರಿ. ಆದ್ರೂ ತಪ್ಪು ಅಂತ ತೋರಸ್ತೈತಿ." ನೋಡಿದರೆ ಅವರ ಪಾಸ್‌ವರ್ಡ್ ನಿಜಕ್ಕೂ ಸರಿ ಇತ್ತು. ಎಡವಟ್ಟಾಗಿದ್ದು ನಮ್ಮ ಇಂಟರ್ನೆಟ್ ಕಂಪನಿಯ ಬಳ್ಳಾರಿ ಸರ್ವರ್‌ನಲ್ಲಿ, ಗ್ರಾಹಕರು ಯಾವ ಊರಿನಿಂದ ಬರುತ್ತಿದ್ದಾರೆ ಅಂತ ಗುರುತಿಸುವ ಹಂಟ್‌ಗ್ರೂಪ್ ಅನ್ನೋ ಪಟ್ಟಿಯಲ್ಲಿ.

ಈ ಹೆಸರು ಟೆಲಿಫೋನ್ ಎಕ್ಸ್‌ಚೇಂಜ್‌ನದು. ಒಂದೇ ನಂಬರಿಗೆ ಹಲವು ಲೈನ್ ಇರುತ್ತಿದ್ದವು, ಒಂದು ಬಿಝಿ ಇದ್ದರೆ ಕರೆ ಮುಂದಿನ ಖಾಲಿ ಲೈನ್ ಹುಡುಕುತ್ತಿತ್ತು. 1991ರಲ್ಲಿ ಅಮೆರಿಕದ ಲಿವಿಂಗ್‌ಸ್ಟನ್ ಕಂಪನಿ ರೇಡಿಯಸ್ ಅನ್ನೋ ಲಾಗಿನ್ ತಪಾಸಣೆಯ ವ್ಯವಸ್ಥೆ ರೂಪಿಸಿತು. ಮೋಡೆಮ್ ಜೋಡಿಸಿದ ಪೆಟ್ಟಿಗೆಗಳು ಎಲ್ಲೇ ಇರಲಿ, ಲಾಗಿನ್ ತಪಾಸಣೆ ಮಾತ್ರ ಒಂದೇ ಸರ್ವರ್‌ನಲ್ಲಿ. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಟ್ಟಿತು. ಆಮೇಲೆ ಬ್ರಾಡ್‌ಬ್ಯಾಂಡ್, ಫೈಬರ್. ಡಯಲ್ ಮಾಡೋದು ಹೋಯಿತು, ರೇಡಿಯಸ್ ಉಳಿಯಿತು.

ಬಳ್ಳಾರಿಯ ಒಂದೇ ಸರ್ವರ್ ಹೊಸಪೇಟೆ, ಗಂಗಾವತಿ, ಸಿಂಧನೂರು ಎಲ್ಲವನ್ನೂ ನೋಡಿಕೊಳ್ಳತೊಡಗಿದ ಮೇಲೆ ಗೋಜಲು ಶುರುವಾಯಿತು. ಊರೂರಿಗೆ ಬೇರೆ ಪ್ಲ್ಯಾನ್, ಬೇರೆ ಕೇಬಲ್‌ನವರು. ಇಲ್ಲಿಯ ಪಾಸ್‌ವರ್ಡ್ ಅಲ್ಲಿಯ ನೆಂಟರ ಮನೆಯಲ್ಲಿ ನಡೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಊರಿಗೊಂದು ಹಂಟ್‌ಗ್ರೂಪ್, ಅಂದರೆ ಗುಂಪು. ನೀವು ಲಾಗಿನ್ ಆದಾಗ ನಿಮ್ಮೂರಿನ ಕನೆಕ್ಷನ್‌ಗಳನ್ನು ಜೋಡಿಸುವ ಪೆಟ್ಟಿಗೆ ನಿಮ್ಮ ಹೆಸರು, ಪಾಸ್‌ವರ್ಡ್ ಜೊತೆ ತನ್ನ ಐಪಿ ವಿಳಾಸವನ್ನೂ (ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ನಂಬರ್) ಕಳಿಸುತ್ತದೆ. ಆ ವಿಳಾಸ ಯಾವ ಗುಂಪಿನದು ಅಂತ ಸರ್ವರ್ ಪಟ್ಟಿಯಲ್ಲಿ ನೋಡುತ್ತದೆ. ನಿಮ್ಮ ಖಾತೆಗೆ ಆ ಗುಂಪಿನಲ್ಲಿ ಅನುಮತಿ ಇದ್ದರೆ ಮಾತ್ರ ಒಳಗೆ.

ನಾವು ಬಳಸುವ ಫ್ರೀರೇಡಿಯಸ್ ಅನ್ನೋ ರೇಡಿಯಸ್ ಸಾಫ್ಟ್‌ವೇರ್‌ನಲ್ಲಿ ಸಾಲುಗಳ ಕ್ರಮ ಬಹಳ ಮುಖ್ಯ. ಪಟ್ಟಿಯನ್ನು ಮೇಲಿನಿಂದ ಓದುತ್ತಾ ಮೊದಲು ಹೊಂದಿದ ಸಾಲಿಗೇ ಅದು ನಿಂತುಬಿಡುತ್ತದೆ. ಗಂಗಾವತಿಯ ಪೆಟ್ಟಿಗೆ ಸಿಡಿಲಿಗೆ ಸುಟ್ಟಿತ್ತು. ಅವಸರದಲ್ಲಿ ಸಿಂಧನೂರಿನಲ್ಲಿ ಸುಮ್ನೆ ಬಿದ್ದಿದ್ದ ಹಳೆಯದನ್ನು ತಂದು, ಅದರ ಹಳೇ ಐಪಿ ವಿಳಾಸ ಬದಲಾಯಿಸದೇ ಗಂಗಾವತಿಯಲ್ಲಿ ಕೂರಿಸಿದ್ದರು. ಪಟ್ಟಿಯ ಕೊನೆಗೆ ಆ ವಿಳಾಸಕ್ಕೆ ಗಂಗಾವತಿ ಅಂತ ಹೊಸ ಸಾಲೂ ಸೇರಿಸಿದ್ದರು. ಆದರೆ ಮೇಲೆ, ಅದೇ ವಿಳಾಸಕ್ಕೆ ಸಿಂಧನೂರು ಅನ್ನೋ ಹಳೇ ಸಾಲು ಹಾಗೇ ಇತ್ತು. ಸರ್ವರ್‌ ಪ್ರಕಾರ ರೈಸ್ ಮಿಲ್‌ನವರು ಸಿಂಧನೂರಿನಿಂದ ಬರುತ್ತಿದ್ದರು!

ಹಳೇ ಸಾಲು ಅಳಿಸಿದೆ. ಆದರೂ ಆಗಲಿಲ್ಲ. ಫೈಲ್ ಬದಲಾಯಿಸಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡಬೇಕಿತ್ತು. ಮಾಡಿದ ಕೂಡಲೇ ಮಿಲ್‌ನ ಬಿಲ್ಲಿಂಗ್ ಕಂಪ್ಯೂಟರ್‌ಗೆ ನೆಟ್ ಬಂತು.

ಪೆಟ್ಟಿಗೆ ಬದಲಾಯಿಸುವವರು ಒಬ್ಬರು, ಪಟ್ಟಿ ಬರೆಯುವವರು ಇನ್ನೊಬ್ಬರು, ಫೋನ್ ಎತ್ತುವವರು ಮತ್ತೊಬ್ಬರು. ಇಂಥ ಕಡೆ ಹಳೇ ಸಾಲುಗಳು ಉಳಿದುಬಿಡೋದು ಸಹಜ. ನನಗೆ ಜಾಸ್ತಿ ಬೇಸರ ಆಗೋದು ತೆರೆಯ ಮೇಲೆ ಬರುವ "ಪಾಸ್‌ವರ್ಡ್ ತಪ್ಪು" ಅನ್ನೋ ಮಾತಿಗೆ. ಆ ಮನುಷ್ಯ ನಾಲ್ಕು ಸಲ ಪಾಸ್‌ವರ್ಡ್ ಬದಲಾಯಿಸಿದ್ದರು. ನಿರಾಕರಣೆಯ ಜೊತೆ ಒಂದು ಸಾಲಿನ ಸಂದೇಶ ಕಳಿಸೋಕೆ ರೇಡಿಯಸ್‌ನಲ್ಲಿ ಮೊದಲಿನಿಂದಲೂ ಜಾಗ ಇದೆ. ಲಾಗಿನ್ ಪುಟ ಇರುವ ಕಡೆಯಲ್ಲಾದರೂ "ನಿಮ್ಮ ಖಾತೆ ಈ ಊರಿನ ಗುಂಪಿನಲ್ಲಿಲ್ಲ, ಆಫೀಸಿಗೆ ಫೋನ್ ಮಾಡಿ" ಅಂತ ಕನ್ನಡದಲ್ಲಿ ತೋರಿಸಬಹುದು, ಅಲ್ವಾ?