ಮೂರು ಗೆರೆಯಲ್ಲಿ ಯಾವುದು? ಕಾಮಿಕ್ಸ್ ಪುಟಕ್ಕೆ ಕೈಯಿಂದ ಮಸಿ ಹಾಕುವ ಕೆಲಸ

ಮೊನ್ನೆ ಒಬ್ಬ ವಿದ್ಯಾರ್ಥಿನಿ ತಾನು ಬರೆದ ಕಾಮಿಕ್ಸ್ ಪುಟ ತಂದು ತೋರಿಸಿದಳು. ಮಸಿ ಹಾಕುವ ಮೊದಲು ಪೆನ್ಸಿಲ್ ಚಿತ್ರದ ಫೋಟೋ ತೆಗೆದಿಟ್ಟುಕೊಂಡಿದ್ದಳು. ಫೋಟೋದಲ್ಲಿ ಒಬ್ಬ ಮುದುಕ ನಿಜಕ್ಕೂ ಓಡುತ್ತಿದ್ದ. ಮಸಿ ಹಾಕಿದ ಪುಟದಲ್ಲಿ ಅದೇ ಮುದುಕ ತಂತಿ ಬಗ್ಗಿಸಿ ಮಾಡಿದ ಗೊಂಬೆಯ ಹಾಗೆ ನಿಂತುಬಿಟ್ಟಿದ್ದ. "ಒಂದು ಗೆರೆಯೂ ಆಚೀಚೆ ಆಗಿಲ್ಲ ಸರ್, ಅಷ್ಟು ಹುಷಾರಾಗಿ ಎಳೆದಿದ್ದೀನಿ. ಆದರೂ ಯಾಕೆ ಜೀವ ಇಲ್ಲ?" ಅಂತ ಕೇಳಿದಳು.

ಫೋಟೋ ದೊಡ್ಡದು ಮಾಡಿ ಮುದುಕನ ಬೆನ್ನನ್ನು ಇಬ್ಬರೂ ನೋಡಿದೆವು. ಅಲ್ಲಿ ಇದ್ದದ್ದು ಒಂದು ಗೆರೆಯಲ್ಲ, ಮೂರು. ಒಂದು ಜಾಸ್ತಿ ಬಾಗಿತ್ತು, ಒಂದು ಕಮ್ಮಿ, ಇನ್ನೊಂದು ಭುಜದ ಹತ್ತಿರ ಶುರುವಾಗಿ ಸೊಂಟಕ್ಕೆ ಬರುವಷ್ಟರಲ್ಲಿ ತೆಳುವಾಗಿ ಮಾಯವಾಗಿತ್ತು. ನೋಡುವ ಕಣ್ಣು ಆ ಮೂರನ್ನೂ ಸೇರಿಸಿಕೊಂಡು ಓಟವನ್ನು ಕಾಣುತ್ತದೆ. ಮಸಿ ಹಾಕುವಾಗ ಅವಳು ಮೂರರ ನಡುವೆ, ಯಾವುದಕ್ಕೂ ಬೇಜಾರಾಗದ ಹಾಗೆ, ಒಂದೇ ದಪ್ಪದ ಗೆರೆ ಎಳೆದಿದ್ದಳು. ಅಲ್ಲಿಗೆ ಓಟ ನಿಂತುಹೋಯಿತು.

ಮಸಿ ಹಾಕುವುದು ಅಂದರೆ ಪೆನ್ಸಿಲ್ ಗೆರೆಯ ಮೇಲೆ ಸುಮ್ನೆ ತಿದ್ದುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಅದು ಅದೇ ಚಿತ್ರವನ್ನು ಎರಡನೇ ಸಲ ಬರೆಯುವ ಕೆಲಸ. ಪೆನ್ಸಿಲ್ "ಹೀಗೂ ಇರಬಹುದು, ಹಾಗೂ ಇರಬಹುದು" ಅನ್ನುತ್ತದೆ. ಮಸಿ ಹಿಡಿದವರು ಯಾವುದೋ ಒಂದನ್ನು ಆರಿಸಲೇಬೇಕು.

ಮಸಿ ಯಾಕೆ ಬೇಕಾಯಿತು ಅಂತ ಗೊತ್ತಿದ್ದರೆ ಈ ಆಯ್ಕೆ ಸ್ವಲ್ಪ ಸುಲಭವಾಗುತ್ತದೆ. ಹಳೆಯ ಮುದ್ರಣದಲ್ಲಿ ಪುಟದ ಫೋಟೋ ತೆಗೆದು ಸತುವಿನ ತಗಡಿನ ಮೇಲೆ ಅಚ್ಚು ಮಾಡುತ್ತಿದ್ದರು. ಆ ಅಚ್ಚಿಗೆ ಗೊತ್ತಿದ್ದದ್ದು ಕಪ್ಪು, ಬಿಳಿ ಎರಡೇ. ಪೆನ್ಸಿಲ್‌ನ ಬೂದು ಬಣ್ಣ ಒಂದೋ ಮಾಯವಾಗುತ್ತಿತ್ತು, ಇಲ್ಲವೇ ಕೊಳೆ ಹಿಡಿದ ಹಾಗೆ ಬರುತ್ತಿತ್ತು. ಹಾಗಾಗಿ ನೆರಳು, ದುಂಡು, ಮಂಜು, ಲೋಹದ ಹೊಳಪು ಎಲ್ಲವನ್ನೂ ಅಪ್ಪಟ ಕಪ್ಪಿನಲ್ಲೇ ತೋರಿಸಬೇಕಿತ್ತು.

ಇನ್ನೊಂದು ವಿಷಯ ಅಳತೆ. ಅಮೆರಿಕದ ಕಾಮಿಕ್ಸ್ ಪುಟಗಳನ್ನು 1960ರ ದಶಕದ ಕೊನೆಯಿಂದ ಸುಮಾರು 10 ಇಂಚು ಅಗಲ, 15 ಇಂಚು ಉದ್ದದ ಚೌಕಟ್ಟಿನಲ್ಲಿ ಬರೆಯುವುದು ರೂಢಿ. ಅದಕ್ಕೂ ಮೊದಲು ಇನ್ನೂ ದೊಡ್ಡದಾಗಿ ಬರೆಯುತ್ತಿದ್ದರು. ಅಚ್ಚಾಗುವಾಗ ಪುಟ ಸುಮಾರು ಮೂರನೇ ಎರಡರಷ್ಟಕ್ಕೆ ಕುಗ್ಗುತ್ತದೆ. ನೀವು ಎಳೆದ 0.3 ಮಿಲಿಮೀಟರ್ ಗೆರೆ 0.2 ಆಗುತ್ತದೆ. ಗೆರೆಗಳ ನಡುವಿನ ಬಿಳಿ ಜಾಗವೂ ಅಷ್ಟೇ ಕುಗ್ಗುತ್ತದೆ. ಒತ್ತೊತ್ತಾಗಿ ಎಳೆದ ಹ್ಯಾಚಿಂಗ್ (ನೆರಳು ತೋರಿಸಲು ಪಕ್ಕಪಕ್ಕ ಎಳೆಯುವ ಗೆರೆಗಳು) ಅಚ್ಚಿನಲ್ಲಿ ಕಲೆಯಾಗಿ ತುಂಬಿಕೊಳ್ಳುವುದು ಇದರಿಂದಲೇ. ಇವತ್ತು ಸ್ಕ್ಯಾನರ್ ಬಂದಿದೆ ನಿಜ. ಆದರೆ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿ ಕಪ್ಪು ಬಿಳುಪಿಗೆ ತಿರುಗಿಸಿದಾಗ ಕಂಪ್ಯೂಟರ್ ಕೂಡ ಇದನ್ನೇ ಕೇಳುತ್ತದೆ: ಇದು ಕಪ್ಪೋ, ಬಿಳಿಯೋ?

ಸಾಮಾನುಗಳ ಬಗ್ಗೆ ಕಲಿಯುವವರಿಗೆ ಆಸೆ ಜಾಸ್ತಿ. ನಾನು ಹೇಳುವುದು ಇಷ್ಟೇ: ಒಂದು ನಿಬ್ಬು, ಒಂದು ಬ್ರಷ್, ಒಂದು ಬಾಟಲಿ ಮಸಿ, ಬ್ರಿಸ್ಟಲ್ ಬೋರ್ಡ್ ಅನ್ನುವ ನುಣುಪಾದ ದಪ್ಪ ಕಾಗದ. ಮೂರು ತಿಂಗಳು ಬೇರೆ ಏನೂ ಬೇಡ. ನಿಬ್ಬು ಅಂದರೆ ಮಸಿಯಲ್ಲಿ ಅದ್ದಿ ಬರೆಯುವ ಬಿಡಿ ನಿಬ್ಬು. ಜಪಾನಿನ ಮಾಂಗಾ (ಅಲ್ಲಿನ ಕಾಮಿಕ್ಸ್) ಕಲಾವಿದರು ಬಳಸುವ ಜಿ-ಪೆನ್ ಶುರುಮಾಡುವವರಿಗೆ ಒಳ್ಳೆಯದು, ಸ್ವಲ್ಪ ಗಟ್ಟಿ, ಒರಟು ಕೈಯನ್ನೂ ತಡೆದುಕೊಳ್ಳುತ್ತದೆ. ಹಂಟ್ 102 ಸಣ್ಣ ಕೊಳವೆಯಂಥ ನಿಬ್ಬು, ಅದಕ್ಕೆ ಬೇರೆಯದೇ ಹಿಡಿ ಬೇಕು. ಗಿಲ್ಲಟ್ 290 ತುಂಬಾ ಮೆದು. ಮುಟ್ಟಿದರೆ ಸಾಕು ಅರಳುತ್ತದೆ. ಅದನ್ನು ಕೈ ಪಳಗಿದ ಮೇಲೆ ನೋಡಿಕೊಂಡರಾಯಿತು.

ಹೊಸ ನಿಬ್ಬು ತಂದ ದಿನ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಮಸಿಯಲ್ಲಿ ಅದ್ದುತ್ತಾರೆ, ಮಸಿ ನಿಬ್ಬಿನ ಮೇಲೆ ಹನಿಹನಿಯಾಗಿ ಕೂರುತ್ತದೆ, ಕಾಗದ ಮುಟ್ಟಿಸಿದ ಕೂಡಲೇ ದೊಪ್ಪೆಂದು ಬೀಳುತ್ತದೆ. ನಿಬ್ಬು ಕೆಟ್ಟದ್ದು ಅಂತ ಎಸೆಯುತ್ತಾರೆ. ಪಾಪ, ನಿಬ್ಬಿನದೇನೂ ತಪ್ಪಿಲ್ಲ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಅದಕ್ಕೆ ಎಣ್ಣೆಯ ತೆಳು ಲೇಪ ಕೊಟ್ಟಿರುತ್ತಾರೆ. ಸ್ವಲ್ಪ ಸೋಪಿನ ನೀರಿನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಮಸಿ ಆಗ ಹನಿಯಾಗದೆ ನಿಬ್ಬಿನ ಮೇಲೆ ತೆಳುವಾಗಿ ಹರಡಿ ನಿಲ್ಲುತ್ತದೆ. ಕೆಲವರು ಬೆಂಕಿಯಲ್ಲಿ ಹಿಡಿದು ಎಣ್ಣೆ ಸುಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಕಾವು ಜಾಸ್ತಿಯಾದರೆ ಉಕ್ಕಿನ ಹದ ಹೋಗಿ ನಿಬ್ಬಿನ ಪುಟಿಯುವ ಗುಣವೇ ಸತ್ತುಹೋಗುತ್ತದೆ.

ನಿಬ್ಬನ್ನು ಒಮ್ಮೆ ಕಣ್ಣ ಹತ್ತಿರ ಹಿಡಿದು ನೋಡಿ. ತುದಿಯಿಂದ ಒಂದು ಸೀಳು ಮೇಲೆ ಹೋಗಿ ಸಣ್ಣ ತೂತಿನಲ್ಲಿ ಮುಗಿಯುತ್ತದೆ. ಸೀಳಿನ ಎರಡೂ ಬದಿಗೆ ಎರಡು ಕಾಲು. ಒತ್ತಿದರೆ ಕಾಲು ಅಗಲವಾಗುತ್ತದೆ, ಗೆರೆ ದಪ್ಪವಾಗುತ್ತದೆ. ಬಿಟ್ಟರೆ ಕೂಡಿಕೊಳ್ಳುತ್ತದೆ, ಗೆರೆ ಕೂದಲಿನಷ್ಟಾಗುತ್ತದೆ. ಮಸಿಯಲ್ಲಿ ಆ ತೂತು ಮುಳುಗುವಷ್ಟು ಅದ್ದಿ, ಬಾಟಲಿಯ ಅಂಚಿಗೆ ಒಮ್ಮೆ ತಾಗಿಸಿ, ಪಕ್ಕದ ರದ್ದಿ ಕಾಗದದ ಮೇಲೆ ಒಂದು ಗೆರೆ ಎಳೆದು ಆಮೇಲೆ ಪುಟಕ್ಕೆ ಬನ್ನಿ. ಈ ರದ್ದಿ ಕಾಗದದ ಅಭ್ಯಾಸ ಎಷ್ಟು ಪುಟ ಉಳಿಸಿದೆ ಅಂತ ನನಗೆ ಲೆಕ್ಕವೇ ಇಲ್ಲ. ನಿಬ್ಬನ್ನು ಯಾವಾಗಲೂ ನಿಮ್ಮ ಕಡೆಗೆ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಕಾಗದದ ನಾರು ಸೀಳಿಗೆ ಸಿಕ್ಕಿ ಮಸಿ ಸಿಡಿಯುತ್ತದೆ. ಗೆರೆ ತಿರುಗಬೇಕಾದಾಗ ಕೈ ತಿರುಗಿಸಬೇಡಿ, ಕಾಗದ ತಿರುಗಿಸಿ. ನನ್ನ ಪುಟ ಕೆಲಸದ ನಡುವೆ ಅರ್ಧ ಹೊತ್ತು ತಲೆಕೆಳಗಾಗಿಯೇ ಇರುತ್ತದೆ.

ನಿಬ್ಬು ಸವೆಯುತ್ತದೆ. ತೆಳು ಗೆರೆ ತೆಳುವಾಗಿ ಬರದಿದ್ದರೆ ಹೊಸದು ಹಾಕಿ, ಜಿಪುಣತನ ಬೇಡ. ಆದರೆ ಕೈಗೆ ಒಗ್ಗಿದ ನಿಬ್ಬಿನ ಜಾತಿಯ ಮೇಲೆ ಮೋಹ ಬೆಳೆಯುವುದು ಸಹಜ. ಚಾರ್ಲ್ಸ್ ಶುಲ್ಜ್ ತಮ್ಮ "ಪೀನಟ್ಸ್" ಚಿತ್ರಪಟ್ಟಿಗೆ ಎಸ್ಟರ್‌ಬ್ರೂಕ್ 914 ನಿಬ್ಬನ್ನೇ ಬಳಸುತ್ತಿದ್ದರು. ಆ ಕಂಪನಿ ಮುಚ್ಚುತ್ತದೆ ಅಂತ ಗೊತ್ತಾದಾಗ ಉಳಿದ ದಾಸ್ತಾನನ್ನೆಲ್ಲ ಕೊಂಡುಬಿಟ್ಟರು.

ಬ್ರಷ್‌ದು ಬೇರೆ ಲೋಕ. ನಿಬ್ಬು ಕಾಗದವನ್ನು ಕೆರೆದುಕೊಂಡು ಹೋಗುವುದರಿಂದ ಕೈಗೆ ಒಂದು ಆಸರೆ ಸಿಗುತ್ತದೆ. ಬ್ರಷ್‌ನಲ್ಲಿ ಆ ಆಸರೆ ಇಲ್ಲ, ಅದಕ್ಕೇ ಮೊದಲ ವಾರ ಎಲ್ಲರಿಗೂ ಅಳು ಬರುತ್ತದೆ. ಕೊಲಿನ್‌ಸ್ಕಿ ಸೇಬಲ್ ಅನ್ನುವ ಬ್ರಷ್‌ಗಳು ಒಂದು ಬಗೆಯ ಸೈಬೀರಿಯನ್ ಮುಂಗುಸಿಯಂಥ ಪ್ರಾಣಿಯ ಬಾಲದ ಕೂದಲಿನಿಂದ ಮಾಡಿದವು. ಹೊಟ್ಟೆ ತುಂಬ ಮಸಿ ಹಿಡಿಯುತ್ತವೆ, ತುದಿ ಮಾತ್ರ ಸೂಜಿಯಂತೆ ಕೂಡುತ್ತದೆ. ಎರಡು ಅಥವಾ ಮೂರನೇ ನಂಬರ್ ಸಾಕು. ಸಣ್ಣ ಕೆಲಸಕ್ಕೆ ಸೊನ್ನೆ ನಂಬರ್ ಬೇಕು ಅನ್ನುವುದು ತಪ್ಪು ಲೆಕ್ಕ. ಅದರ ಹೊಟ್ಟೆ ಸಣ್ಣದು, ಗೆರೆಯ ನಡುವೆಯೇ ಮಸಿ ಮುಗಿಯುತ್ತದೆ. ಕೊಳ್ಳುವಾಗ ನೀರಿನಲ್ಲಿ ಅದ್ದಿ ಒಮ್ಮೆ ಕೊಡವಿ ನೋಡಿ. ಕೂದಲು ತಾನಾಗಿ ಮೊನೆ ಕಟ್ಟದಿದ್ದರೆ ಅಲ್ಲೇ ಇಟ್ಟು ಬನ್ನಿ.

ಮಸಿಯ ವಿಷಯದಲ್ಲಿ ಒಂದೇ ಎಚ್ಚರಿಕೆ. ಇಂಡಿಯನ್ ಇಂಕ್ ಅಂದರೆ ಹೊಗೆಯಿಂದ ಬಂದ ಇಂಗಾಲದ ಕಪ್ಪು, ಅದನ್ನು ಹಿಡಿದಿಡಲು ಹೆಚ್ಚಾಗಿ ಅರಗಿನಿಂದ ಬಂದ ಶೆಲ್ಲ್ಯಾಕ್. ಒಣಗಿದರೆ ನೀರಿಗೆ ಕರಗುವುದಿಲ್ಲ. ಪುಟದ ಮೇಲೆ ಅದು ವರ, ಬ್ರಷ್‌ನ ಬುಡದಲ್ಲಿ ಶಾಪ. ಲೋಹದ ಕವಚದೊಳಗೆ ಮಸಿ ಏರಿ ಒಣಗಿದರೆ ಕೂದಲು ಕವಲೊಡೆದು ಮತ್ತೆ ಕೂಡುವುದೇ ಇಲ್ಲ. ಅದಕ್ಕೆ ಕೂದಲಿನ ಅರ್ಧಕ್ಕಿಂತ ಮೇಲೆ ಅದ್ದಬೇಡಿ, ಹತ್ತು ನಿಮಿಷಕ್ಕೊಮ್ಮೆ ನೀರಿನಲ್ಲಿ ತೊಳೆಯಿರಿ. ಫೌಂಟನ್ ಪೆನ್ನಿಗಂತೂ ಈ ಮಸಿ ತುಂಬಲೇಬೇಡಿ.

ಇಷ್ಟು ಸಾಮಾನು. ಇನ್ನು ನಿಜವಾದ ಕೆಲಸ.

ನಿಬ್ಬು ಅದ್ದುವ ಮೊದಲು ಪುಟವನ್ನು ಗೋಡೆಗೆ ಒರಗಿಸಿ ದೂರ ನಿಂತು ನೋಡಿ. ಬೆಳಕು ಎಲ್ಲಿಂದ ಬರುತ್ತಿದೆ? ದಟ್ಟ ಕಪ್ಪು ಎಲ್ಲೆಲ್ಲಿ ಕೂರಬೇಕು? ಕಪ್ಪು ಆಗಬೇಕಾದ ಜಾಗದಲ್ಲಿ ಪೆನ್ಸಿಲ್‌ನಿಂದ ಸಣ್ಣ ಅಡ್ಡಗುರುತು ಹಾಕಿ. ಪುಟದ ಎಲ್ಲ ಚೌಕಗಳನ್ನೂ ಒಟ್ಟಿಗೆ ನೋಡುತ್ತಾ ಇದನ್ನು ಮಾಡಬೇಕು, ಯಾಕೆಂದರೆ ಓದುವವರ ಕಣ್ಣು ಒಂದು ಕಪ್ಪಿನಿಂದ ಇನ್ನೊಂದು ಕಪ್ಪಿಗೆ ಹಾರುತ್ತಾ ಹೋಗುತ್ತದೆ. ಗೆರೆ ಎಳೆದು ಮುಗಿಸಿ, ಆಮೇಲೆ ಖಾಲಿ ಕಂಡಲ್ಲಿ ಕಪ್ಪು ತುಂಬುವವರನ್ನು ನಾನು ಒಪ್ಪುವುದಿಲ್ಲ. ಕಪ್ಪು ಎಲ್ಲಿ ಅಂತ ಗೊತ್ತಾದರೆ ಅದರ ಪಕ್ಕದ ಅರ್ಧ ಗೆರೆಗಳು ಬೇಡವೇ ಆಗುತ್ತವೆ.

ಮುದುಕನ ಬೆನ್ನಿಗೆ ವಾಪಸ್ ಬರೋಣ. ಬೆಳಕು ಮೇಲಿನಿಂದ ಬೀಳುತ್ತಿತ್ತು. ಹಾಗಿದ್ದರೆ ಬೆನ್ನಿನ ಮೇಲಿನ ಗೆರೆ ತೆಳು, ಹೊಟ್ಟೆಯ ಕೆಳಗಿನ ಗೆರೆ ದಪ್ಪ. ಅವನ ಭಾರವೆಲ್ಲ ಮುಂದಿನ ಕಾಲಿನ ಮೇಲೆ, ಅಲ್ಲಿ ಅಂಗಾಲು ನೆಲ ಮುಟ್ಟುವ ಕಡೆ ಎಲ್ಲಕ್ಕಿಂತ ದಪ್ಪ. ಹಿಂದೆ ಹಾರುವ ಅಂಗಿಯ ಚುಂಗು ಗಾಳಿಯಲ್ಲಿದೆ, ಅದಕ್ಕೆ ಗೆರೆ ಮುಗಿಯುವ ಮೊದಲೇ ನಿಬ್ಬು ಎತ್ತಿಬಿಡಬೇಕು. ತೋಳು ಎದೆಯ ಮುಂದೆ ಬರುವ ಕಡೆ ತೋಳಿನ ಗೆರೆ ಗಟ್ಟಿ, ಅದರ ಹಿಂದೆ ಸೇರುವ ಎದೆಯ ಗೆರೆ ತೋಳನ್ನು ಮುಟ್ಟುವ ಕೂದಲೆಳೆ ಮೊದಲೇ ನಿಲ್ಲಬೇಕು. ಇಷ್ಟು ಗೊತ್ತಾದ ಮೇಲೆ ಮೂರು ಪೆನ್ಸಿಲ್ ಗೆರೆಯಲ್ಲಿ ಯಾವುದು ಅನ್ನುವುದಕ್ಕೆ ಉತ್ತರ ಸಿಕ್ಕಿತು: ಎಲ್ಲಕ್ಕಿಂತ ಜಾಸ್ತಿ ಬಾಗಿದ್ದು. ಓಟ ಇದ್ದದ್ದು ಅದರಲ್ಲೇ. ಅವಳು ಅದೇ ಗೆರೆಯನ್ನು ಭುಜದಿಂದ ಸೊಂಟದವರೆಗೆ ಒಂದೇ ಉಸಿರಿನಲ್ಲಿ ಎಳೆದಳು.

ಉದ್ದ ಗೆರೆಗೆ ಬೆರಳು ಸಾಲದು. ಬೆರಳಿನಿಂದ ಬರುವುದು ಕಣ್ಣು, ಮೂಗು, ಉಗುರು. ಬೆನ್ನು, ಕಾಲು, ಬೆಟ್ಟದ ಅಂಚು ಬರುವುದು ಮೊಣಕೈ ಮತ್ತು ಭುಜದಿಂದ. ನಿಬ್ಬು ಕಾಗದಕ್ಕೆ ತಾಗಿಸದೆ ಗಾಳಿಯಲ್ಲೇ ಎರಡು ಮೂರು ಸಲ ಆ ಗೆರೆ ಎಳೆದು ನೋಡಿ. ಕೈಗೆ ದಾರಿ ಗೊತ್ತಾದಾಗ, ಕಣ್ಣನ್ನು ಗೆರೆ ಮುಗಿಯುವ ಕಡೆ ಇಟ್ಟು, ಇಳಿಸಿ. ನಿಬ್ಬಿನ ತುದಿಯನ್ನೇ ನೋಡುತ್ತಾ ಎಳೆದರೆ ಗೆರೆ ನಡುಗುತ್ತದೆ.

ಫೆದರಿಂಗ್ ಬಗ್ಗೆಯೂ ಒಂದು ಮಾತು. ದಟ್ಟ ಕಪ್ಪಿನಿಂದ ಬೆಳಕಿನ ಕಡೆಗೆ ಮೊನಚಾಗುತ್ತಾ ಹೋಗುವ ಗೆರೆಗಳ ಸಾಲು ಅದು. ಬ್ರಷ್ ಅನ್ನು ಕಪ್ಪಿನೊಳಗೆ ಒತ್ತಿ ಇಟ್ಟು, ಬೆಳಕಿನ ಕಡೆ ಎಳೆಯುತ್ತಾ ಎತ್ತುವುದು. ವಿಮಾನ ನೆಲ ಬಿಡುವ ಹಾಗೆ, ಕೈ ಓಡುತ್ತಲೇ ಮೇಲೇಳಬೇಕು. ನಿಲ್ಲಿಸಿ ಎತ್ತಿದರೆ ತುದಿಯಲ್ಲಿ ಗುಂಡು ಹನಿ ಉಳಿಯುತ್ತದೆ. ಸಾಲಿನ ಎಲ್ಲ ಗೆರೆಯೂ ಒಂದೇ ಉದ್ದ ಇದ್ದರೆ ಬಾಚಣಿಗೆಯ ಹಾಗೆ ಕಾಣುತ್ತದೆ. ಕೆನ್ನೆಯ ದುಂಡು ಹೇಗಿದೆಯೋ ಹಾಗೆ ಉದ್ದ ಬದಲಾಗಲಿ, ಗೆರೆಯೂ ಆ ದುಂಡಿನ ಮೇಲೆ ಸುತ್ತಿಕೊಂಡ ಹಾಗೆ ಬಾಗಲಿ.

ಅಭ್ಯಾಸಕ್ಕೆ ನನಗೆ ತುಂಬಾ ಇಷ್ಟವಾದ ದಾರಿ ಒಂದಿದೆ. ಒಂದು ಪೆನ್ಸಿಲ್ ಪುಟವನ್ನು ತಿಳಿನೀಲಿ ಬಣ್ಣದಲ್ಲಿ ಬ್ರಿಸ್ಟಲ್ ಮೇಲೆ ಮೂರು ಪ್ರತಿ ಪ್ರಿಂಟ್ ಮಾಡಿಸಿಕೊಳ್ಳಿ. ತಿಳಿನೀಲಿಯೇ ಯಾಕೆ ಅಂದರೆ ಅಚ್ಚಿಗೆ ಬಳಸುತ್ತಿದ್ದ ಫಿಲಂಗೆ ಆ ಬಣ್ಣ ಕಾಣುತ್ತಿರಲಿಲ್ಲ, ಸ್ಕ್ಯಾನ್‌ನಲ್ಲೂ ಅದನ್ನು ಸುಲಭವಾಗಿ ತೆಗೆಯಬಹುದು. ಒಂದಕ್ಕೆ ನಿಬ್ಬು ಮಾತ್ರ, ಒಂದಕ್ಕೆ ಬ್ರಷ್ ಮಾತ್ರ, ಮೂರನೆಯದಕ್ಕೆ ಹೊರಗೆರೆಯೇ ಇಲ್ಲದೆ ಬರೀ ಕಪ್ಪು ತುಂಬಿ. ಒಂದೇ ಪೆನ್ಸಿಲ್‌ನಿಂದ ಮೂರು ಬೇರೆ ಚಿತ್ರ ಬರುತ್ತದೆ. ಅಮೆರಿಕದ ಕಾಮಿಕ್ಸ್ ಕಲಾವಿದ ಜಾಕ್ ಕರ್ಬಿಯವರ ಪೆನ್ಸಿಲ್ ಮೇಲೆ ಜೋ ಸಿನ್ನಾಟ್ ಮಸಿ ಹಾಕಿದ ಪುಟ ಮತ್ತು ಮೈಕ್ ರಾಯರ್ ಹಾಕಿದ ಪುಟ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಇದು ಹೊಸದಲ್ಲ. ಸಿನ್ನಾಟ್ ಅವರಲ್ಲಿ ಎಲ್ಲವೂ ನಯ, ಉಜ್ಜಿ ಹೊಳಪು ಕೊಟ್ಟ ಹಾಗೆ. ರಾಯರ್ ಪೆನ್ಸಿಲ್‌ನ ಒರಟನ್ನು ಹಾಗೆಯೇ ಉಳಿಸಿಕೊಡುತ್ತಾರೆ. ಇಬ್ಬರೂ ಆರಿಸಿದ್ದಾರೆ, ಅಲ್ವಾ? ಆರಿಸಿದ್ದು ಬೇರೆ ಬೇರೆ.

ಇನ್ನು ರಬ್ಬರ್. ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ರಾತ್ರಿ ಪುಟ ಮುಗಿಸಿ, ಒಣಗಿದೆ ಅಂದುಕೊಂಡು ರಬ್ಬರ್ ಉಜ್ಜಿದೆ. ಮೇಲಿನ ಚೌಕ ಒಣಗಿತ್ತು. ಕೆಳಗಿನ ದಟ್ಟ ಕಪ್ಪು ಒಳಗೆ ಹಸಿಯಾಗಿಯೇ ಇತ್ತು. ರಾತ್ರಿಯ ಆಕಾಶವೆಲ್ಲ ನಾಯಕಿಯ ಮುಖದ ಮೇಲೆ ಬಂತು. ಬೆಳಿಗ್ಗೆ ಪುಟ ಕೊಡಬೇಕಿತ್ತು. ಕೂತು ಇಡೀ ಪುಟ ಮತ್ತೆ ಬರೆದೆ. ಅಂದಿನಿಂದ ದಟ್ಟ ಕಪ್ಪು ಇದ್ದ ಪುಟವನ್ನು ಒಂದು ರಾತ್ರಿ ಹಾಗೇ ಬಿಡುತ್ತೇನೆ. ಉಜ್ಜುವಾಗಲೂ ಮೆದು ರಬ್ಬರ್, ಹಗುರ ಕೈ. ಗಟ್ಟಿಯಾಗಿ ಉಜ್ಜಿದರೆ ಮೇಲಿನ ಮಸಿಯೂ ಎದ್ದು ಬಂದು ಕಪ್ಪು ಬೂದಾಗುತ್ತದೆ. ಇದಕ್ಕೇ ಮೊದಲು ಪೆನ್ಸಿಲ್ ಅನ್ನೇ ತೆಳುವಾಗಿ ಬರೆಯಬೇಕು. ಕೆಲಸ ಮಾಡುವಾಗ ಅಂಗೈ ಕೆಳಗೆ ಒಂದು ಕಾಗದ ಇರಲಿ. ಬೆವರಿನ ಎಣ್ಣೆ ಅಂಟಿದ ಕಡೆ ಮಸಿ ಹಿಡಿಯುವುದಿಲ್ಲ.

ತಪ್ಪಿದ ಗೆರೆಗೆ ಬಿಳಿ ಬಣ್ಣ ಇದೆ. ಗೌಶ್ (ಅಡಿಯದನ್ನು ಮುಚ್ಚುವ ದಟ್ಟ ಜಲವರ್ಣ) ಆದರೆ ಒಳ್ಳೆಯದು, ನೀರು ಕಮ್ಮಿ ಹಾಕಿ ಎರಡು ತೆಳು ಪದರ ಕೊಡಿ, ಒಂದು ದಪ್ಪ ಪದರ ಬೇಡ. ಒಣಗಿದ ಬಿಳಿಯ ಮೇಲೆ ಮತ್ತೆ ಗೆರೆ ಎಳೆಯಬೇಕಾದರೆ ನಿಬ್ಬು ಬಿಟ್ಟು ಬ್ರಷ್ ಹಿಡಿಯಿರಿ. ನಿಬ್ಬು ಬಿಳಿಯನ್ನು ಕೆರೆದು ಸೀಳಿಗೆ ತುಂಬಿಕೊಳ್ಳುತ್ತದೆ, ಮುಂದಿನ ಗೆರೆ ಬೂದಾಗಿ ಬರುತ್ತದೆ.